ಅಟ್ಟದಿಂದ ಇಳಿದ ಚೆನ್ನೆಮಣೆ

ಎರಡು ವರ್ಷದ ಹಿಂದೆ ಜುಲೈ ಕೊನೆಯಲ್ಲಿ ಅಮ್ಮನ ಫೋನು ಬಂತು. "ಆಟಿ ತಿಂಗಳು ಶುರುವಾಗಿ ವಾರ ಕಳೆಯಿತು. ಒಮ್ಮೆ ಬಂದು ಹೋಗು" ಅಂದಳು. "ಅಮ್ಮ, ನನಗೆ ಸಾಯಲಿಕ್ಕೂ ಪುರುಸೊತ್ತಿಲ್ಲ" ಅಂದುಬಿಟ್ಟೆ. ಆಡಿದ ಮೇಲೆ ಆ ಮಾತು ನನ್ನ ಕಿವಿಗೇ ಕೆಟ್ಟದಾಗಿ ಕೇಳಿಸಿತು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿರಲಿಲ್ಲ. ಮಳೆಯ ಶಬ್ದ ಮಾತ್ರ ಬರುತ್ತಿತ್ತು.

"ಶನಿವಾರ ಬರ್ತೇನೆ" ಅಂದೆ.

ನಾನು ಮಂಗಳೂರಿನಲ್ಲಿ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಸಂಬಳದವರು, ಪಿಂಚಣಿಯವರು, ಸಣ್ಣ ಅಂಗಡಿಯವರು ಆದಾಯ ತೆರಿಗೆ ರಿಟರ್ನ್ ಹಾಕಲು ಆಗ ಜುಲೈ 31 ಕೊನೆಯ ದಿನ. ಅದು ದಾಟಿದರೆ 5,000 ರೂಪಾಯಿ ತನಕ ಲೇಟ್ ಫೀ. ಹಾಗಾಗಿ ಜುಲೈ ಎಂದರೆ ನಮಗೆ ಉಸಿರು ಬಿಡಲೂ ಆಗದ ತಿಂಗಳು. ಜನ ಕೊನೆಯ ವಾರದಲ್ಲೇ ಕಾಗದ ತರುತ್ತಾರೆ. ಒಬ್ಬರಿಗೆ ಕಂಪನಿ ಕೊಡಬೇಕಾದ ಸಂಬಳ-ತೆರಿಗೆಯ ಪತ್ರ, ಫಾರಂ 16, ಬಂದಿರುವುದಿಲ್ಲ, ಇನ್ನೊಬ್ಬರಿಗೆ ಓಟಿಪಿ ಬರುವ ನಂಬರೇ ಬಂದ್ ಆಗಿರುತ್ತದೆ.

ಆ ವರ್ಷ ನನ್ನ ಕುತ್ತಿಗೆ ಹಿಡಿದುಕೊಂಡದ್ದು ಬಿಡಲೇ ಇಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತಿತ್ತು. ಯಾರದ್ದೋ ಬಡ್ಡಿ ಸೇರಿಸಲು ಮರೆತೆನಾ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಡಾಕ್ಟರಿಗೆ ತೋರಿಸಿದೆ. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ಸರಿ ಇತ್ತು. ಅವರು ಚೀಟಿ ಬರೆಯುವುದು ನಿಲ್ಲಿಸಿ ಕೇಳಿದರು, "ದಿನದಲ್ಲಿ ಖುಷಿಗೋಸ್ಕರ ಅಂತ ಏನು ಮಾಡ್ತೀರಿ?" ನಾನು "ಸಂಜೆ ವಾಕಿಂಗ್ ಹೋಗ್ತೇನೆ" ಅಂದೆ. ನಿಜ ಹೇಳಬೇಕೆಂದರೆ ಅದು ಹಾಲು ತರಲು ಹೋಗುವ ನಡಿಗೆ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ರಾತ್ರಿ ಅರ್ಧ ಗಂಟೆ ಮೊಬೈಲ್ ನೋಡುವುದೇ ವಿಶ್ರಾಂತಿ ಅಂದುಕೊಂಡಿದ್ದೆ. ನೋಡಿ ಮುಗಿಸಿದಾಗ ಮೊದಲಿಗಿಂತ ಜಾಸ್ತಿ ಸುಸ್ತಾಗಿರುತ್ತಿತ್ತು.

ಶನಿವಾರ ಸಂಜೆ ಮಗನನ್ನು ಕರೆದುಕೊಂಡು ಪುತ್ತೂರಿನ ಬಸ್ಸು ಹತ್ತಿದೆ. ಅವನಿಗೆ ಆಗ ಹತ್ತು ವರ್ಷ. ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇತ್ತು, ಮುಗಿಸಬೇಕಾದ 14 ಫೈಲು ಇತ್ತು. ಭಾನುವಾರ ಬೆಳಿಗ್ಗೆ ಬೇಗ ಎದ್ದು ಅರ್ಧ ಮುಗಿಸಿ, ಊಟ ಮಾಡಿ ಹೊರಡುವ ಯೋಚನೆ. ಪುತ್ತೂರಿನಿಂದ ಇನ್ನೊಂದು ಬಸ್ಸು. ಅದರಿಂದ ಇಳಿದು ತೋಡು, ಅಂದರೆ ಸಣ್ಣ ಹಳ್ಳ, ದಾಟಿ ಮನೆ ಸೇರುವಾಗ ಕತ್ತಲು. ಮಳೆ ನಿಂತೇ ಇರಲಿಲ್ಲ.

ರಾತ್ರಿ ಹನ್ನೊಂದಕ್ಕೆ ಕರೆಂಟು ಹೋಯಿತು. ಬೆಳಿಗ್ಗೆ ಎದ್ದು ನೋಡಿದರೆ ತೋಡಿನ ನೀರು ಕಾಲುಸಂಕದ ಮೇಲೆ ಹರಿಯುತ್ತಿತ್ತು. ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ಲ್ಯಾಪ್‌ಟಾಪ್ ಹತ್ತೂವರೆಗೆ ಆಫ್ ಆಯಿತು. ನಾನು ಚಾವಡಿಯಿಂದ ಅಂಗಳಕ್ಕೆ, ಅಂಗಳದಿಂದ ಚಾವಡಿಗೆ ಓಡಾಡಿದೆ. ಕೊಡೆ ಹಿಡಿದು ತೋಡಿನ ತನಕ ಎರಡು ಸಲ ಹೋಗಿ ಬಂದೆ. ನೀರು ಇಳಿಯುವ ಲಕ್ಷಣವೇ ಇರಲಿಲ್ಲ.

ಅಮ್ಮ ಅಡುಗೆ ಕೋಣೆಯಲ್ಲಿ ಕೆಸುವಿನ ಎಲೆಗೆ ಹಿಟ್ಟು ಸವರುತ್ತಿದ್ದಳು. ಪತ್ರೊಡೆ ಬೇಯಲು ಇಟ್ಟು ಕೈ ತೊಳೆದಳು. ಆಮೇಲೆ ನನ್ನ ಮಗನಿಗೆ, "ಅಟ್ಟಕ್ಕೆ ಹತ್ತು ಮಗಾ, ದೊಡ್ಡ ಭರಣಿಯ ಹಿಂದೆ ಉಂಟು, ಜಾಗ್ರತೆ" ಅಂದಳು. ಅವನು ಕೆಳಗೆ ತಂದದ್ದು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಚೆನ್ನೆಮಣೆ.

ನೋಡಿರದವರಿಗೆ ಹೇಳುತ್ತೇನೆ. ಉದ್ದದ ಮರದ ಮಣೆ. ಈ ಬದಿಗೆ ಏಳು, ಆ ಬದಿಗೆ ಏಳು, ಒಟ್ಟು 14 ಗುಳಿ. ನಾವು ಅದಕ್ಕೆ ಮನೆ ಅನ್ನುತ್ತೇವೆ. ಒಂದೊಂದು ಮನೆಗೆ 4 ಕಾಯಿ, ಅಂದರೆ 56. ನಮ್ಮಲ್ಲಿ ಮಂಜೊಟ್ಟಿ ಮರದ ಕೆಂಪು ಕಾಯಿ ಬಳಸುತ್ತಾರೆ. ಘಟ್ಟದ ಮೇಲಿನವರು ಇದನ್ನೇ ಅಳಗುಳಿ ಮಣೆ ಅನ್ನುತ್ತಾರೆ. ಅಲ್ಲಿ ಹುಣಸೆ ಬೀಜದಲ್ಲೂ ಆಡುತ್ತಾರೆ.

ಈ ಆಟಕ್ಕೆ ನಮ್ಮ ತುಳುನಾಡಿನಲ್ಲಿ ಒಂದು ಕಾಲ ಉಂಟು. ಅದು ಆಟಿ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ. ಆಟಿ ಮುಗಿದರೆ ಮಣೆ ಪುನಃ ಅಟ್ಟಕ್ಕೆ. ಬೇರೆ ತಿಂಗಳಲ್ಲಿ ಇಳಿಸಿದರೆ ಅಜ್ಜಿ ಬೈಯುತ್ತಿದ್ದರು. ಇನ್ನೊಂದು ಕಟ್ಟೂ ಇತ್ತು. ಒಡಹುಟ್ಟಿದ ಅಕ್ಕ ತಂಗಿ ಎದುರು ಬದುರು ಕೂತು ಆಡಬಾರದು. ಸಿರಿಯ ಕತೆ ಹೇಳುವ ತುಳು ಹಾಡು, ಪಾಡ್ದನದಲ್ಲಿ ಅಬ್ಬಗ ದಾರಗ ಎಂಬ ಅವಳಿ ಅಕ್ಕ ತಂಗಿ ಬರುತ್ತಾರೆ. ಚೆನ್ನೆ ಆಡುವಾಗ ಜಗಳವಾಗಿ ಒಬ್ಬಳು ಇನ್ನೊಬ್ಬಳಿಗೆ ಮಣೆಯಿಂದಲೇ ಹೊಡೆಯುತ್ತಾಳೆ. ಇಬ್ಬರೂ ಉಳಿಯುವುದಿಲ್ಲ. ಹಾಗಾಗಿ ನಾನೂ ಅಕ್ಕನೂ ಒಂದು ದಿನವೂ ಎದುರು ಬದುರು ಆಡಿದವರಲ್ಲ. ನನ್ನ ಎದುರಿಗೆ ಯಾವಾಗಲೂ ಅಮ್ಮ, ಇಲ್ಲವೇ ಅಜ್ಜಿ.

ಆಗ ಆಟಿಯಲ್ಲಿ ಎಲ್ಲರಿಗೂ ಬಿಡುವು ಇತ್ತು, ಹಾಗಾಗಿ ಆಡುತ್ತಿದ್ದರು ಅಂತ ನಾನು ಬಹಳ ಕಾಲ ನಂಬಿದ್ದೆ. ಈಗ ನೆನಪು ಮಾಡಿಕೊಂಡರೆ ಅದು ಸರಿಯಲ್ಲ. ನೇಜಿ ನೆಟ್ಟು ಆಗಿರುತ್ತಿತ್ತು, ಗದ್ದೆಯ ಕೂಲಿ ಸಿಗುತ್ತಿರಲಿಲ್ಲ, ಅದು ನಿಜ. ಆದರೆ ಅಕ್ಕಿಯೂ ಮುಗಿಯುತ್ತಾ ಬಂದಿರುತ್ತಿತ್ತು. ತಜಂಕ್ ಸೊಪ್ಪು, ಕಣಿಲೆ ಅಂದರೆ ಎಳೆ ಬಿದಿರು, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹೀಗೆ ಸಿಕ್ಕಿದ್ದರಲ್ಲಿ ದಿನ ದೂಡಬೇಕಿತ್ತು. ಅಮ್ಮ ಬೀಡಿ ಕಟ್ಟುತ್ತಿದ್ದಳು. ದಿನಕ್ಕೆ 800. ಕಟ್ಟಿ ಬ್ರಾಂಚಿಗೆ ಕೊಟ್ಟರೆ ಮಾತ್ರ ದುಡ್ಡು. ಆದರೂ ಆಟಿಯಲ್ಲಿ ಮಧ್ಯಾಹ್ನ ಊಟ ಆದ ಮೇಲೆ ಎಲೆ ತುಂಬಿದ ತಡ್ಪೆಯನ್ನು, ಅಂದರೆ ಮೊರವನ್ನು, ಗೋಡೆಯ ಬದಿಗೆ ಸರಿಸಿ ಮಣೆಯ ಎದುರು ಕೂರುತ್ತಿದ್ದಳು. ಒಂದು ಗಂಟೆ. ಆ ಒಂದು ಗಂಟೆಗೆ ಎಷ್ಟೋ ಬೀಡಿ ಕಡಿಮೆ ಆಗುತ್ತಿತ್ತು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಕೂರುತ್ತಿದ್ದಳು. ಅವಳಿಗೆ ಸಮಯ ಸಿಕ್ಕಿದ್ದಲ್ಲ, ಅವಳು ಕೊಟ್ಟದ್ದು.

ಭಾನುವಾರ ಮೊದಲು ಕಾಯಿ ಎಣಿಸಿದೆವು. 53 ಇತ್ತು. "ಇಲಿ ಕೊಂಡುಹೋಗಿರಬೇಕು" ಅಂದಳು ಅಮ್ಮ. ಮಗ ಕೊಡೆಯನ್ನೂ ಹಿಡಿಯದೆ ಹಿತ್ತಿಲಿಗೆ ಓಡಿದ. ಮಂಜೊಟ್ಟಿ ಮರದ ಬುಡದಲ್ಲಿ ಕೆಸರು ಕೆದಕಿ ಮೂರು ಕಾಯಿ ಹುಡುಕಿ ತಂದ. ತಲೆಯಿಂದ ನೀರು ಇಳಿಯುತ್ತಿತ್ತು. ಪಟ್ಟಣದಲ್ಲಾದರೆ ಶೀತ ಆಗುತ್ತದೆಂದು ಬೈಯುತ್ತಿದ್ದೆ. ಆ ದಿನ ಬೈರಾಸು ಕೊಟ್ಟು ಸುಮ್ಮನಾದೆ.

ಮೊದಲ ಆಟ ಬೇಗ ಮುಗಿಯಿತು. ಒಂದು ಮನೆಯ ಕಾಯಿಗಳನ್ನು ತೆಗೆದು ಬಲಗಡೆಯ ಮನೆಗಳಿಗೆ ಒಂದೊಂದಾಗಿ ಬಿಡುತ್ತಾ ಹೋಗಬೇಕು. ಕೈ ಖಾಲಿಯಾದರೆ ಮುಂದಿನ ಮನೆಯದನ್ನು ಎತ್ತಿ ಮುಂದುವರಿಸಬೇಕು. ಮುಂದಿನ ಮನೆ ಖಾಲಿ ಇದ್ದರೆ, ಅದರಾಚೆ ಮನೆಯಲ್ಲಿ ಇದ್ದಷ್ಟೂ ನಿಮ್ಮದು. ನಾನು ಗಡಿಬಿಡಿಯಲ್ಲಿ ಜಾಸ್ತಿ ಕಾಯಿ ಇದ್ದ ಮನೆಗೇ ಕೈ ಹಾಕಿದೆ. ಪ್ರತಿ ಸಲ ಎರಡು ಖಾಲಿ ಮನೆಗಳ ಎದುರು ಏನೂ ಸಿಗದೆ ನಿಂತೆ. ಅಮ್ಮ ನನ್ನ ಮುಖ ನೋಡಿದಳು. "ಎಂತ ಓಡುವುದು ನೀನು? ಬಸ್ಸು ತಪ್ಪುತ್ತದಾ?" ಅಂದಳು.

ಎರಡನೆಯ ಆಟಕ್ಕೆ ನಾನು ಗೆದ್ದ ಕಾಯಿ ನನ್ನ ಬದಿಯ ಏಳು ಮನೆಗೂ ಸಾಕಾಗಲಿಲ್ಲ. ತುಂಬಲಾಗದ ಮನೆಗಳು ಆ ಸುತ್ತಿಗೆ ಇಲ್ಲದ ಹಾಗೆ. ಐದೇ ಮನೆಯಲ್ಲಿ ಆಡಿದೆ. ಆಗ ನಿಧಾನ ಆಗಲೇಬೇಕಾಯಿತು. ಯಾವ ಮನೆಯಿಂದ ಎತ್ತಿದರೆ ಎಲ್ಲಿ ನಿಲ್ಲುತ್ತದೆ ಅಂತ ಮನಸ್ಸಿನಲ್ಲೇ ನಡೆದು ನೋಡಿದೆ. ನನ್ನ ಕೆಲಸವೇ ಎಣಿಸುವುದು. ಆದರೆ ಆಫೀಸಿನ ಅಂಕಿಯ ಹಿಂದೆ ಯಾರದ್ದಾದರೂ ಭಯ ಇರುತ್ತದೆ, ತಪ್ಪಿದರೆ ನೋಟಿಸು ಬರುತ್ತದೆ. ಇಲ್ಲಿ ಎಣಿಕೆ ಅಂಗೈಯಲ್ಲಿ ಹುಟ್ಟಿ ಮಣೆಯ ಮೇಲೆ ಮುಗಿಯುತ್ತಿತ್ತು. ಕಾಯಿ ಗುಳಿಗೆ ಬೀಳುವ ಸದ್ದು, ಹೊರಗೆ ಮಾಡಿನ ನೀರಿನ ಸದ್ದು. ಎಷ್ಟು ಹೊತ್ತಾಯಿತು ಗೊತ್ತಾಗಲಿಲ್ಲ. ಒಂದು ಸಲ ಅಮ್ಮನ ಬದಿಯಿಂದ ಒಟ್ಟಿಗೆ 9 ಕಾಯಿ ಸಿಕ್ಕಿತು. ಮಗ ಚಪ್ಪಾಳೆ ತಟ್ಟಿದ. ನಾನು ಜೋರಾಗಿ ನಕ್ಕೆ, ಅಮ್ಮನೂ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ನಿಂತ ಮೇಲೆ ಕುತ್ತಿಗೆ ಆಚೆ ಈಚೆ ತಿರುಗಿಸಿದೆ. ತಿರುಗಿತು.

ಅಪ್ಪ ತೀರಿಕೊಂಡು ಆಗ ನಾಲ್ಕು ವರ್ಷ. ಆಮೇಲೆ ಮಣೆ ಇಳಿದೇ ಇಲ್ಲ ಅಂತ ನಾನು ತಿಳಿದಿದ್ದೆ. ಅದನ್ನೇ ಹೇಳಿದೆ. ಅಮ್ಮ ಕಾಯಿಗಳನ್ನು ಮನೆಗಳಿಗೆ ಹಂಚುತ್ತಾ, "ಪ್ರತಿ ವರ್ಷ ಇಳಿಸ್ತೇನಲ್ಲ" ಅಂದಳು.

"ಯಾರ ಜೊತೆ ಆಡ್ತಿ?"

"ಸೀತೆ ಆಟ ಆಡ್ತೇನೆ."

ಸೀತೆ ಆಟ ಒಬ್ಬರೇ ಆಡುವ ಆಟ. ಅಶೋಕವನದಲ್ಲಿ ಸೀತೆ ಒಬ್ಬಳೇ ಕೂತು ಆಡಿದ್ದಂತೆ ಅಂತ ಅಜ್ಜಿ ಕತೆ ಹೇಳುತ್ತಿದ್ದರು. ಸಣ್ಣವಳಿರುವಾಗ ನನಗೆ ಅದೊಂದು ಚಂದದ ಕತೆ. ಆ ದಿನ ಹಾಗೆ ಕೇಳಿಸಲಿಲ್ಲ. ಈ ಚಾವಡಿಯಲ್ಲಿ, ಇದೇ ಮಳೆಯಲ್ಲಿ, ಅಮ್ಮ ಒಬ್ಬಳೇ 14 ಮನೆಗೂ ಕಾಯಿ ಬಿಡುತ್ತಾ ಕೂತದ್ದು ಕಣ್ಣಿಗೆ ಕಟ್ಟಿತು. ಆಟಿಯಲ್ಲಿ ಹೊಸ ಮದುಮಗಳನ್ನು ತವರಿಗೆ ಕರೆಸುತ್ತಾರೆ. ನನ್ನನ್ನೂ ಕರೆಸಿದ್ದರು. ಆಮೇಲಿನ ವರ್ಷಗಳಲ್ಲೂ ಅಮ್ಮ ಕರೆಯುತ್ತಲೇ ಇದ್ದಳು, ನಾನು ಪುರುಸೊತ್ತಿಲ್ಲ ಅನ್ನುತ್ತಲೇ ಇದ್ದೆ. ಕರೆದದ್ದು ಪತ್ರೊಡೆ ತಿನ್ನಲಿಕ್ಕೆ ಅಂತ ಅಂದುಕೊಂಡಿದ್ದೆ. ಎದುರು ಬದಿಯ ಏಳು ಮನೆಗೆ ಒಂದು ಜನ ಬೇಕಾಗಿತ್ತು.

ರಾತ್ರಿ ಚಾಪೆಯಲ್ಲಿ ಮಲಗಿ ಅದನ್ನೇ ಯೋಚಿಸಿದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. 61 ದಿನ ದಕ್ಕೆಯಲ್ಲೇ, ಅಂದರೆ ಬಂದರಿನಲ್ಲೇ, ಇರುತ್ತವೆ. ಯಕ್ಷಗಾನ ಮೇಳದವರು ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುತ್ತಾರೆ, ಮಳೆಗಾಲ ಕಳೆದು ಪುನಃ ಕಟ್ಟುತ್ತಾರೆ. ಮೀನಿಗೂ ಸಮಯ ಬೇಕು, ಕಾಲಿಗೂ ಬೇಕು ಅಂತ ನಮ್ಮ ಊರಿಗೆ ಗೊತ್ತಿದೆ. ಮಣೆ ಇಳಿಸುವ ತಿಂಗಳನ್ನೂ ಯಾರೋ ಲೆಕ್ಕದಲ್ಲಿ ಇಟ್ಟೇ ಇಟ್ಟಿದ್ದಾರೆ. ಆ ತಿಂಗಳ ಮೇಲೆಯೇ ನಾನು ಜುಲೈ 31 ಅಂತ ಕೆಂಪು ಗೆರೆ ಎಳೆದುಕೊಂಡು ಕೂತಿದ್ದೆ. ಕೆಲಸ ಬಿಡಬೇಕೆಂದು ಅನಿಸಲಿಲ್ಲ. ನನ್ನ ಕೆಲಸ ನನಗೆ ಇಷ್ಟ. ಆದರೆ ಅಮ್ಮ ಬೀಡಿಯ ತಡ್ಪೆ ಸರಿಸಿದ ಹಾಗೆ ದಿನಕ್ಕೆ ಒಂದು ಗಂಟೆ ಲ್ಯಾಪ್‌ಟಾಪ್ ಸರಿಸಲು ನನಗೆ ಏಕೆ ಆಗಲಿಲ್ಲ? ಯೋಚಿಸುತ್ತಲೇ ನಿದ್ದೆ ಬಂತು. ಎಚ್ಚರವಾದದ್ದು ಬೆಳಿಗ್ಗೆ ಆರಕ್ಕೆ.

ಸೋಮವಾರ ನೀರು ಇಳಿಯಿತು. ಮೊದಲ ಬಸ್ಸಿಗೆ ಹೊರಟೆವು. ಆ ದಿನವೂ ಮರುದಿನವೂ ರಾತ್ರಿ ಹನ್ನೊಂದರ ತನಕ ಆಫೀಸಿನಲ್ಲಿದ್ದೆ. 14 ಫೈಲೂ ಗಡುವಿನ ಒಳಗೆ ಮುಗಿದವು. ಒಂದು ದಿನದ ಆಟದಿಂದ ಕೆಲಸವೇನೂ ಕೆಡಲಿಲ್ಲ. ಕುತ್ತಿಗೆ ನೋವು ಮಾತ್ರ ಪೂರ್ತಿ ಹೋಗಲಿಲ್ಲ, ಅದಕ್ಕೆ ವ್ಯಾಯಾಮ ಬೇಕಾಯಿತು. ಆದರೆ ರಾತ್ರಿ ಎರಡು ಗಂಟೆಯ ಎಚ್ಚರ ಕಡಿಮೆಯಾಯಿತು.

ಆಟಿ ಇಲ್ಲದ ತಿಂಗಳಲ್ಲಿ ಏನು ಮಾಡುವುದು ಅಂತ ಅಮ್ಮನನ್ನು ಕೇಳಿದ್ದೆ. "ಬೇರೆ ಆಟ ಇಲ್ಲವಾ ಲೋಕದಲ್ಲಿ?" ಅಂದಿದ್ದಳು. ಈಗ ಭಾನುವಾರ ಸಂಜೆ ಐದಕ್ಕೆ ನಮ್ಮ ಫ್ಲ್ಯಾಟಿನ ಅಂಗಳದಲ್ಲಿ ಲಗೋರಿ ಆಡುತ್ತೇವೆ. ಮೊದಲ ವಾರ ನಾನು, ಮಗ, ಕೆಳಗಿನ ಮನೆಯ ಎರಡು ಮಕ್ಕಳು. ಮೂರನೆಯ ವಾರಕ್ಕೆ ಆ ಮಕ್ಕಳ ಅಮ್ಮ ಚೂಡಿದಾರದ ಶಾಲು ಸೊಂಟಕ್ಕೆ ಕಟ್ಟಿ ಇಳಿದರು. ಅವರು ನರ್ಸು. ರಾತ್ರಿ ಪಾಳಿ ಇದ್ದರೂ ಒಂದು ಆಟ ಆಡಿಯೇ ಹೋಗುತ್ತಾರೆ. ಚೆಂಡು ಬೆನ್ನಿಗೆ ಬಿದ್ದಾಗ ಅವರು ಹಾಕುವ ಕೂಗು ಮೂರನೆಯ ಮಾಳಿಗೆಗೆ ಕೇಳುತ್ತದೆ.

ಆ ವರ್ಷದ ಆಟಿಯ ಮಾತು ಇನ್ನೂ ಸ್ವಲ್ಪ ಉಂಟು. ಆಗಸ್ಟ್ ಮೊದಲ ವಾರ ಅಮ್ಮ ಫೋನು ಮಾಡಿದಳು. "ಕಾಯಿ ಎಣಿಸಿದೆ. 55 ಉಂಟು. ನಿನ್ನ ಚೀಲದಲ್ಲಿ ಬಂದಿದೆಯಾ ನೋಡು. ಲೆಕ್ಕ ಸರಿಯಾಗದೆ ಮಣೆಯನ್ನು ಅಟ್ಟಕ್ಕೆ ಇಡಬಾರದು."

ಲ್ಯಾಪ್‌ಟಾಪ್ ಬ್ಯಾಗು ಕೊಡವಿದೆ. ಒಳಗಿನ ಸಣ್ಣ ಜೇಬಿನಲ್ಲಿ ಕೆಂಪು ಕಾಯಿ ಇತ್ತು. ಆ ಜೇಬಿಗೆ ಜಿಪ್ ಉಂಟು, ಜಿಪ್ ಹಾಕಿಯೇ ಇತ್ತು.

"ಸಿಕ್ಕಿತು" ಅಂದೆ.

"ಹಾಗಾದರೆ ಆಟಿ ಮುಗಿಯುವ ಮೊದಲು ತಂದುಕೊಡು" ಅಂದಳು.

ಶುಕ್ರವಾರಕ್ಕೆ ರಜೆ ಬರೆದು ಹೋದೆವು. ಅಮ್ಮ ಕಾಯಿ ತೆಗೆದುಕೊಂಡು ಉಳಿದವುಗಳ ಜೊತೆ ಸೇರಿಸಿದಳು. ಮಗ ಎಣಿಸಿದ. 56. ಹಳೆಯ ಸೀರೆಯ ತುಂಡು ಪಕ್ಕದಲ್ಲೇ ಮಡಚಿ ಇತ್ತು. ಅಮ್ಮ ಅದನ್ನು ಮುಟ್ಟಲಿಲ್ಲ. ಮಣೆಯನ್ನು ನಮ್ಮಿಬ್ಬರ ನಡುವೆ ಎಳೆದು, ಮೊದಲ ಮನೆಗೆ ನಾಲ್ಕು ಕಾಯಿ ಹಾಕಿದಳು.