ಮೇಷ್ಟ್ರ ಪೆನ್ಸಿಲ್

1985ರ ಮಳೆಗಾಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮೊದಲನೇ ಬಿ.ಎ., ತತ್ವಶಾಸ್ತ್ರದ ಮೊದಲ ಕ್ಲಾಸು. ಮೇಷ್ಟ್ರು ಒಳಗೆ ಬಂದರು. ಹಾಜರಿ ಕರೆಯಲಿಲ್ಲ. ಜುಬ್ಬದ ಜೇಬಿಗೆ ಕೈ ಹಾಕಿ, ಮುಷ್ಟಿ ಬಿಗಿ ಹಿಡಿದು ಹೊರಗೆ ತೆಗೆದರು.

"ಇದರಲ್ಲಿ ಹುಣಸೆ ಬೀಜ ಇದೆ. ಎಷ್ಟಿದೆ ಹೇಳಿ."

ಒಬ್ಬ ಮೂರು ಅಂದ, ಇನ್ನೊಬ್ಬ ಹತ್ತು ಅಂದ. ನಾನು ಐದು ಅಂದೆ. ಅವರು ಬೀಜಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟರು. ಐದೇ ಇದ್ದವು. ಹುಡುಗರು ಚಪ್ಪಾಳೆ ತಟ್ಟಿದರು.

"ಐದು ಅಂತ ನಿನಗೆ ಗೊತ್ತಿತ್ತೇನಪ್ಪಾ?"

"ಇಲ್ಲ ಸಾರ್, ಸುಮ್ನೆ ಹೇಳಿದೆ."

"ನೀನು ಹೇಳಿದ್ದು ನಿಜ ಆಯ್ತಲ್ಲ. ನಿಜ ಹೇಳಿದವನಿಗೇ ಅದು ಗೊತ್ತಿರಲಿಲ್ಲ ಅಂದ್ರೆ, ಗೊತ್ತು ಅನ್ನೋ ಮಾತಿಗೆ ಅರ್ಥ ಏನು?"

ಅಷ್ಟು ಕೇಳಿ ಬೋರ್ಡಿನ ಮೇಲೆ 'ಜ್ಞಾನಮೀಮಾಂಸೆ' ಎಂದು ಬರೆದರು. ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದಿದ್ದ ನನಗೆ ಆ ಪದದ ಅರ್ಥ ಗೊತ್ತಿರಲಿಲ್ಲ. ಆದರೆ ಪ್ರಶ್ನೆ ಮಾತ್ರ ಅವತ್ತು ರಾತ್ರಿ ಹಾಸ್ಟೆಲಿಗೂ ನನ್ನ ಜೊತೆ ಬಂತು.

ಮೇಷ್ಟ್ರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ತಮ್ಮ ಬಗ್ಗೆ ಯಾರಾದರೂ ಮಾತಾಡಿದರೆ ಅವರು ಎದ್ದು ಹೋಗುತ್ತಿದ್ದರು. ಆ ಕಾಲದಲ್ಲಿ ಓದಿದವರಿಗೆ ಯಾರೆಂದು ಹೇಳಬೇಕಾಗಿಯೂ ಇಲ್ಲ. ಮೂವತ್ತು ವರ್ಷಕ್ಕೂ ಜಾಸ್ತಿ ಅವರು ಎರಡೇ ವಿಷಯಗಳನ್ನು ಓದಿದರು, ಕಲಿಸಿದರು. ತಿಳಿವು ಅಂದರೆ ಏನು ಎಂದು ಕೇಳುವ ಜ್ಞಾನಮೀಮಾಂಸೆ ಒಂದು. ದೇವರು, ಧರ್ಮ ಅಂತ ನಾವು ನಂಬುವುದಕ್ಕೂ ಆ ತಿಳಿವಿಗೂ ಏನು ಸಂಬಂಧ ಅನ್ನುವುದು ಇನ್ನೊಂದು. ಪ್ರಕಟವಾದ ಲೇಖನಗಳು ಹತ್ತು ಹನ್ನೆರಡು ಇರಬಹುದು. ದೊಡ್ಡ ಪುಸ್ತಕ ಬರೆಯಲಿಲ್ಲ. ಕನ್ನಡ ಮಾಧ್ಯಮದಿಂದ ಬಂದ ನಮಗಾಗಿ ಸೈಕ್ಲೋಸ್ಟೈಲ್ ಮಾಡಿಸಿ ಹಂಚುತ್ತಿದ್ದ ನೋಟ್ಸೇ ಅವರ ದೊಡ್ಡ ಬರವಣಿಗೆ. ಆ ಹಾಳೆಗಳ ಶಾಯಿ ಬೆರಳಿಗೆ ಅಂಟುತ್ತಿತ್ತು. ನನ್ನ ಹತ್ತಿರ ಇನ್ನೂ ನಲವತ್ತು ಪುಟಗಳಷ್ಟು ಇವೆ.

ಒಂದು ಸಲ ಅವರು ಮೈಸೂರು ವಿಶ್ವವಿದ್ಯಾನಿಲಯದ ಲಾಂಛನ ತೋರಿಸಿ, ಕೆಳಗೆ ಏನು ಬರೆದಿದೆ ಓದು ಎಂದರು. 'ನ ಹಿ ಜ್ಞಾನೇನ ಸದೃಶಂ.' ಜ್ಞಾನಕ್ಕೆ ಸಮನಾದದ್ದು ಇಲ್ಲ. "ಇದು ಗೀತೆಯ ನಾಲ್ಕನೇ ಅಧ್ಯಾಯದ ಸಾಲು, ಆದರೆ ಅರ್ಧ. 'ಪವಿತ್ರಮಿಹ ವಿದ್ಯತೇ' ಅಂತ ಮುಂದೆ ಇದೆ. ಜ್ಞಾನದಷ್ಟು ಪವಿತ್ರವಾದದ್ದು ಇಲ್ಲ ಅನ್ನೋದು ಪೂರ್ತಿ ಮಾತು. ವಿಶ್ವವಿದ್ಯಾನಿಲಯ ಜ್ಞಾನದ ಹತ್ತಿರ ನಿಲ್ಲಿಸಿತು. ನಾನು ಆ ಅರ್ಧಕ್ಕೂ ಈ ಅರ್ಧಕ್ಕೂ ಮಧ್ಯೆ ಕೆಲಸ ಮಾಡುವವನು" ಎಂದರು. ಅವರ ವೃತ್ತಿಯ ಬಗ್ಗೆ ಇದಕ್ಕಿಂತ ಸರಿಯಾಗಿ ನನಗೆ ಹೇಳಲು ಬರುವುದಿಲ್ಲ.

ಹುಣಸೆ ಬೀಜದ ಕಥೆಗೆ ಬರುತ್ತೇನೆ. ಅದು ಅವರ ಸ್ವಂತ ಆಟ ಅಂದುಕೊಂಡಿದ್ದೆವು. ವರ್ಷದ ಕೊನೆಯಲ್ಲಿ ಗುಟ್ಟು ಬಿಟ್ಟುಕೊಟ್ಟರು. 12ನೇ ಶತಮಾನದ ಶ್ರೀಹರ್ಷ, ನಳನ ಕಥೆಯನ್ನು ಮಹಾಕಾವ್ಯ ಮಾಡಿದ ಕವಿ, 'ಖಂಡನಖಂಡಖಾದ್ಯ' ಎಂಬ ತರ್ಕದ ಗ್ರಂಥವನ್ನೂ ಬರೆದ. ಅದರಲ್ಲಿ ಈ ಉದಾಹರಣೆ ಬರುತ್ತದೆ. ಮುಷ್ಟಿಯಲ್ಲಿ ಇರುವುದು ಕವಡೆ. ಎದುರಿನವನು ಐದು ಅನ್ನುತ್ತಾನೆ, ಐದೇ ಇರುತ್ತವೆ. ನಿಜ ಹೇಳಿದ್ದು ಹೌದು, ಆದರೆ ಅದನ್ನು ತಿಳಿವು ಅನ್ನಲಾದೀತೇ?

ಅದೇ ದಿನ ಮೂರು ಪುಟದ ಒಂದು ಜೆರಾಕ್ಸ್ ಕ್ಲಾಸಿನಲ್ಲಿ ಕೈಯಿಂದ ಕೈಗೆ ಹೋಯಿತು. ಅಮೆರಿಕದ ಎಡ್ಮಂಡ್ ಗೆಟಿಯರ್ 1963ರಲ್ಲಿ ಬರೆದ ಲೇಖನ. ಒಂದು ಕೆಲಸಕ್ಕೆ ಸ್ಮಿತ್, ಜೋನ್ಸ್ ಇಬ್ಬರೂ ಅರ್ಜಿ ಹಾಕಿದ್ದಾರೆ. ಕೆಲಸ ಜೋನ್ಸ್‌ಗೇ ಸಿಗುತ್ತದೆ ಎಂದು ನಂಬಲು ಸ್ಮಿತ್ ಬಳಿ ಒಳ್ಳೆಯ ಆಧಾರ ಇದೆ. ಜೋನ್ಸ್ ಜೇಬಿನಲ್ಲಿ 10 ನಾಣ್ಯ ಇರುವುದನ್ನೂ ಎಣಿಸಿ ನೋಡಿದ್ದಾನೆ. ಹಾಗಾಗಿ, ಕೆಲಸ ಸಿಗುವವನ ಜೇಬಿನಲ್ಲಿ 10 ನಾಣ್ಯ ಇವೆ ಎಂದು ತೀರ್ಮಾನಿಸುತ್ತಾನೆ. ಕೊನೆಗೆ ಕೆಲಸ ಸಿಗುವುದು ಸ್ಮಿತ್‌ಗೇ. ಅವನಿಗೇ ಗೊತ್ತಿಲ್ಲದೆ ಅವನ ಜೇಬಿನಲ್ಲೂ 10 ನಾಣ್ಯ ಇರುತ್ತವೆ. ನಂಬಿದ್ದ, ಆಧಾರ ಇತ್ತು, ನಂಬಿದ್ದು ನಿಜವೂ ಆಯಿತು. ಆದರೂ ಅವನಿಗೆ ಗೊತ್ತಿತ್ತು ಅನ್ನಲು ಬಾಯಿ ಬರುವುದಿಲ್ಲ. ಆ ಮೂರು ಪುಟಕ್ಕೆ ಉತ್ತರ ಹುಡುಕುತ್ತಾ ಒಂದು ತಲೆಮಾರಿನ ವಿದ್ವಾಂಸರು ಕೂತರು.

"ಹಾಗಾದ್ರೆ ನಮ್ಮವರು ಮೊದಲೇ ಹೇಳಿದ್ದರು ಅಲ್ವಾ ಸಾರ್?" ಎಂದು ನಾನು ಉತ್ಸಾಹದಿಂದ ಕೇಳಿದೆ. ಮೇಷ್ಟ್ರಿಗೆ ಆ ಮಾತು ಹಿಡಿಸಲಿಲ್ಲ. "ದುಡುಕಬೇಡ. ನೀನು ಅವತ್ತು ಬರೀ ಊಹೆ ಮಾಡಿದೆ. ಸ್ಮಿತ್ ಹತ್ತಿರ ಆಧಾರ ಇತ್ತು. ಎರಡೂ ಒಂದೇ ಅಲ್ಲ. ಹತ್ತಿರದ್ದು ಬೇಕಾದರೆ ಧರ್ಮೋತ್ತರನನ್ನು ನೋಡು" ಎಂದರು. ಧರ್ಮೋತ್ತರ 8ನೇ ಶತಮಾನದ ಬೌದ್ಧ ಪಂಡಿತ. ಮಾಂಸ ಸುಡಲು ಯಾರೋ ಆಗಷ್ಟೇ ಬೆಂಕಿ ಹಚ್ಚಿದ್ದಾರೆ, ಇನ್ನೂ ಹೊಗೆ ಎದ್ದಿಲ್ಲ. ವಾಸನೆಗೆ ಹುಳಗಳು ಕಪ್ಪಗೆ ಮುತ್ತಿವೆ. ದೂರದಿಂದ ನೋಡಿದವನು ಅದನ್ನೇ ಹೊಗೆ ಅಂದುಕೊಂಡು, ಅಲ್ಲಿ ಬೆಂಕಿ ಇದೆ ಅನ್ನುತ್ತಾನೆ. ಬೆಂಕಿ ಇದೆ, ಆದರೆ ಅವನು ಕಂಡದ್ದು ಹೊಗೆಯಲ್ಲ. ಇದನ್ನು ಹೇಳಿ ಮುಗಿಸಿ ಮೇಷ್ಟ್ರು ಒಂದು ಮಾತು ಸೇರಿಸಿದರು: "ಯಾರು ಮೊದಲು ಹೇಳಿದರು ಅನ್ನೋದು ಹೆಮ್ಮೆಯ ವಿಷಯ. ಏನು ಹೇಳಿದರು ಅನ್ನೋದು ತತ್ವಶಾಸ್ತ್ರ."

ನಮ್ಮ ಕಾಲೇಜಿನ ಹಿರಿಯರ ಬಗ್ಗೆಯೂ ಅವರದು ಇದೇ ಧೋರಣೆ. 1918ರಿಂದ 1921ರವರೆಗೆ ರಾಧಾಕೃಷ್ಣನ್ ಇಲ್ಲಿ ತತ್ವಶಾಸ್ತ್ರದ ಪ್ರೊಫೆಸರಾಗಿದ್ದರು. ಕಲ್ಕತ್ತೆಗೆ ಹೊರಟಾಗ ಹುಡುಗರು ಗಾಡಿಯ ಕುದುರೆ ಬಿಚ್ಚಿ, ಹೂವು ಕಟ್ಟಿ, ರೈಲ್ವೆ ಸ್ಟೇಷನ್ನಿನವರೆಗೆ ತಾವೇ ಎಳೆದುಕೊಂಡು ಹೋದರು. ಈ ಕಥೆ ಮೈಸೂರಿನಲ್ಲಿ ಎಲ್ಲರಿಗೂ ಗೊತ್ತು. ಮೇಷ್ಟ್ರೂ ಪ್ರೀತಿಯಿಂದಲೇ ಹೇಳುತ್ತಿದ್ದರು. "ಗಾಡಿ ಎಳೆದದ್ದು ಸಾಕು, ಈಗ ಅವರ ವಾದ ನೋಡೋಣ" ಎಂದು ಅಲ್ಲಿಂದಲೇ ಪಾಠಕ್ಕೆ ಇಳಿಯುತ್ತಿದ್ದರು.

1932ರಲ್ಲಿ ಲಂಡನ್ನಿನ ಒಂದೇ ಪ್ರಕಾಶನದಿಂದ ಮೈಸೂರಿನ ನಂಟಿನ ಎರಡು ಪುಸ್ತಕ ಬಂದವು. ಒಂದು, ರಾಧಾಕೃಷ್ಣನ್ ಅವರ ಹಿಬ್ಬರ್ಟ್ ಉಪನ್ಯಾಸಗಳು. ಇನ್ನೊಂದು, ಇಲ್ಲೇ ಸಂಸ್ಕೃತ ಕಲಿಸುತ್ತಿದ್ದ ಎಂ. ಹಿರಿಯಣ್ಣನವರ ಭಾರತೀಯ ತತ್ವಶಾಸ್ತ್ರದ ರೂಪರೇಖೆ. ನಮ್ಮ ವಿಶ್ವವಿದ್ಯಾನಿಲಯದಲ್ಲಿ ವರ್ಷಗಟ್ಟಲೆ ಮಾಡಿದ ಪಾಠಗಳೇ ಆ ಪುಸ್ತಕ ಆದದ್ದು. ಮೇಷ್ಟ್ರ ಮೇಜಿನ ಮೇಲೆ ಎರಡೂ ಇರುತ್ತಿದ್ದವು. ಇಂದ್ರಿಯ ಮತ್ತು ತರ್ಕದ ಜೊತೆಗೆ ಮೂರನೆಯದಾಗಿ ಅಂತಃಪ್ರಜ್ಞೆಯೂ ತಿಳಿವಿನ ದಾರಿ, ಧರ್ಮದ ಅನುಭವ ಅಲ್ಲಿಂದ ಬರುತ್ತದೆ ಎಂದು ರಾಧಾಕೃಷ್ಣನ್ ವಾದಿಸಿದ್ದರು. "ಅನುಭವ ಆದವನಿಗೆ ಸಂದೇಹ ಇಲ್ಲ, ಒಪ್ಪಿದೆ. ಪಕ್ಕದಲ್ಲಿ ಕೂತವನಿಗೆ?" ಎಂದು ಮೇಷ್ಟ್ರು ಕೇಳುತ್ತಿದ್ದರು. ಅವರ ಮನಸ್ಸು ಹಿರಿಯಣ್ಣನವರ ಕಡೆಗೇ ವಾಲುತ್ತಿತ್ತು. ಯಾವ ದರ್ಶನವನ್ನೂ ದೂಡದೆ, ಯಾವುದನ್ನೂ ಹೊಗಳದೆ, ಅದರದರ ಬಾಯಿಂದಲೇ ಮಾತಾಡಿಸುವ ಆ ತಾಳ್ಮೆ ಅವರಿಗೆ ಇಷ್ಟ. ನನಗೂ ಹಾಗೇ ಅನಿಸುತ್ತದೆ. ಹಿರಿಯಣ್ಣನವರನ್ನು ನಾವು ಓದಬೇಕಾದಷ್ಟು ಓದಿಲ್ಲ.

1936ರಲ್ಲಿ ಆಕ್ಸ್‌ಫರ್ಡಿನಲ್ಲಿ ಪೂರ್ವದೇಶದ ಧರ್ಮಗಳಿಗೆಂದು ಶುರುವಾದ ಸ್ಪಾಲ್ಡಿಂಗ್ ಪ್ರಾಧ್ಯಾಪಕ ಪೀಠಕ್ಕೆ ಮೊದಲು ಹೋದವರು ರಾಧಾಕೃಷ್ಣನ್. 1970ರ ದಶಕದಲ್ಲಿ ಅದೇ ಕುರ್ಚಿಗೆ ಬಿಮಲ್ ಕೃಷ್ಣ ಮತಿಲಾಲ್ ಬಂದರು. ಅವರು ಕೂತು ಬರೆದದ್ದು ಹೆಚ್ಚಾಗಿ ನ್ಯಾಯ ಎಂಬ ನಮ್ಮ ಹಳೆಯ ತರ್ಕದರ್ಶನದ ಪ್ರಮಾಣಗಳ ಬಗ್ಗೆ, ಅಂದರೆ ನಮಗೆ ತಿಳಿವು ಹೇಗೆ ಬರುತ್ತದೆ ಎಂಬುದರ ಬಗ್ಗೆ. ಧರ್ಮದ ಹೆಸರಿನ ಪೀಠದಿಂದ ತಿಳಿವಿನ ಪ್ರಶ್ನೆ ಕೇಳಿದ್ದು ಮೇಷ್ಟ್ರಿಗೆ ತುಂಬಾ ಖುಷಿ ಕೊಟ್ಟಿತ್ತು. 1991ರಲ್ಲಿ ಮತಿಲಾಲ್ ತೀರಿಕೊಂಡ ಸುದ್ದಿ ಬಂದಾಗ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಇಬ್ಬರೂ ನಡೆಯುತ್ತಿದ್ದೆವು. "ಐವತ್ತಾರು ವಯಸ್ಸು ಕಣೋ" ಎಂದರು. ಅವತ್ತು ಮತ್ತೆ ಮಾತಾಡಲಿಲ್ಲ.

ಅವರ ಸ್ವಂತ ಸಂಶೋಧನೆ ಶಬ್ದ ಪ್ರಮಾಣದ ಮೇಲೆ. ಇನ್ನೊಬ್ಬರ ಮಾತು ಕೇಳಿ ನಮಗೆ ತಿಳಿವು ಬರುತ್ತದಲ್ಲ, ಅದು. ನಾವು ಹುಟ್ಟಿದ ದಿನ, ಭೂಮಿಯ ಸುತ್ತಳತೆ, ನಂಜನಗೂಡಿಗೆ ಬಸ್ ಎಷ್ಟು ಹೊತ್ತಿಗೆ, ಎಲ್ಲವೂ ಯಾರೋ ಹೇಳಿದ್ದು. 'ಆಪ್ತೋಪದೇಶಃ ಶಬ್ದಃ' ಎಂಬುದು ನ್ಯಾಯಸೂತ್ರಗಳನ್ನು ಬರೆದ ಗೌತಮನ ಸೂತ್ರ. ಆಪ್ತನ ಮಾತೇ ಪ್ರಮಾಣ. ಆಪ್ತ ಯಾರು? ವಿಷಯವನ್ನು ನೇರವಾಗಿ ಬಲ್ಲವನು, ಬಲ್ಲದ್ದನ್ನು ಹಾಗೇ ತಿಳಿಸಬೇಕು ಎಂಬ ಮನಸ್ಸುಳ್ಳವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಭಾಷ್ಯ ಬರೆದ ವಾತ್ಸ್ಯಾಯನ ಹೇಳುತ್ತಾನೆ. ಈ ಸಾಲು ಬಂದಾಗ ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲೆ ಇಡುತ್ತಿದ್ದರು. ಪುಸ್ತಕ ನೋಡದೆ, ನಿಧಾನವಾಗಿ, ಎರಡು ಸಲ ಹೇಳುತ್ತಿದ್ದರು. ಕೆಳಜಾತಿಯವರ ಮಾತಿಗೆ ಬೆಲೆ ಇಲ್ಲದ ಊರುಗಳಿಂದ ಬಂದವರು ನಮ್ಮ ಕ್ಲಾಸಿನಲ್ಲಿ ಎಷ್ಟೋ ಜನ ಇದ್ದರು. ಆ ಸಾಲು ಅವರಿಗೆ ಕೇಳಿಸಲಿ ಎಂದೇ ಎರಡು ಸಲ ಹೇಳುತ್ತಿದ್ದರು ಎಂದು ನನ್ನ ನಂಬಿಕೆ. ಮಾತು ಕೇಳಿ ತಿಳಿಯುವುದರ ಬಗ್ಗೆ ಆಸ್ಟ್ರೇಲಿಯಾದ ತತ್ವಶಾಸ್ತ್ರಜ್ಞ ಕೋಡಿ 1992ರಲ್ಲಿ ಇಡೀ ಪುಸ್ತಕ ಬರೆದಾಗ ಮೇಷ್ಟ್ರು ನಿವೃತ್ತಿಯ ಹತ್ತಿರ ಇದ್ದರು. ಆದರೂ ಅದನ್ನು ತರಿಸಿ ಓದಿದರು.

ಈಗ ನನ್ನ ಅಜ್ಜಿಯ ವಿಷಯ ಹೇಳಬೇಕು.

ನನ್ನ ಬಿ.ಎ. ಕೊನೆಯ ವರ್ಷ ನಮ್ಮಪ್ಪನಿಗೆ ಜೋರು ಕಾಯಿಲೆ. ಅಜ್ಜಿ ನಂಜುಂಡೇಶ್ವರನಿಗೆ ಹರಕೆ ಹೊತ್ತು, ಎಪ್ಪತ್ತರ ವಯಸ್ಸಿನಲ್ಲಿ ಉರುಳು ಸೇವೆ ಮಾಡಿದರು. ಅಪ್ಪನಿಗೆ ವಾಸಿಯಾಯಿತು. ಆಗ ಧರ್ಮದ ತತ್ವಶಾಸ್ತ್ರದ ಪ್ರಬಂಧ ಬರೆಯಬೇಕಿತ್ತು. 'ನಂಬಿಕೆ ಮತ್ತು ತಿಳಿವು' ಎಂಬ ವಿಷಯ. ನಾನು ಸಿಟ್ಟಿನಿಂದ ಬರೆದೆ. ಅಪ್ಪನಿಗೆ ವಾಸಿಯಾದದ್ದು ಔಷಧಿಯಿಂದ, ಅಜ್ಜಿ ತನಗೆ ಗೊತ್ತಿಲ್ಲದ್ದನ್ನು ಗೊತ್ತು ಅಂದುಕೊಂಡಿದ್ದಾಳೆ, ಧರ್ಮ ಎಂದರೆ ಇಷ್ಟೇ, ಎಂದು.

ಪ್ರಬಂಧ ವಾಪಸ್ ಬಂತು. ಮೇಷ್ಟ್ರು ಕೆಂಪು ಇಂಕು ಬಳಸುತ್ತಿರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ. ಔಷಧಿಯ ಸಾಲಿನ ಪಕ್ಕ, 'ಹೇಗೆ ಗೊತ್ತು?' ಅಜ್ಜಿಯ ಸಾಲಿನ ಪಕ್ಕ, 'ಹೇಗೆ ಗೊತ್ತು? ಅಜ್ಜಿಯನ್ನು ಕೇಳಿದೆಯಾ?'

ನಾನು ಜಗಳಕ್ಕೇ ಹೋದೆ. ಅವರು ಕೂರಿಸಿ ಕಾಫಿ ತರಿಸಿದರು. "ಔಷಧಿ ಮೇಲೆ ನನಗೂ ನಂಬಿಕೆ ಇದೆ ಕಣಪ್ಪಾ. ಆದರೆ ನೀನೇನು ಅದನ್ನು ಪರೀಕ್ಷೆ ಮಾಡಿ ನೋಡಿದ್ದೀಯಾ? ಡಾಕ್ಟರ ಮಾತು ಕೇಳಿದೆ, ಶಬ್ದ ಪ್ರಮಾಣ. ಆ ಮಾತನ್ನು ಪರೀಕ್ಷೆ ಮಾಡುವ ದಾರಿ ಇದೆ, ಅದು ಅದರ ಬಲ. ಅದನ್ನು ಬರಿ. ದೇವರ ವಿಷಯಕ್ಕೆ ಅಂಥ ದಾರಿ ಇದೆಯಾ ಅನ್ನೋದೇ ಜಗಳ. ಆ ಜಗಳ ನೀನು ಓದಿಲ್ಲ." ಆಮೇಲೆ ಓದಿದೆ. ಈಶ್ವರ ಇದ್ದಾನೆಂದು ಸಾಧಿಸಲು ನ್ಯಾಯದರ್ಶನದ ಪಂಡಿತ ಉದಯನ 'ನ್ಯಾಯಕುಸುಮಾಂಜಲಿ' ಬರೆದದ್ದು ನಾಸ್ತಿಕರಿಗಷ್ಟೇ ಉತ್ತರ ಕೊಡಲು ಅಲ್ಲ. ವೇದವನ್ನು ಪೂರ್ತಿ ಒಪ್ಪುವ ಮೀಮಾಂಸಕ ಕುಮಾರಿಲನೇ ಜಗತ್ತಿಗೆ ಸೃಷ್ಟಿಕರ್ತ ಬೇಡ ಎಂದು ವಾದಿಸಿದ್ದ. ಮೇಷ್ಟ್ರು ಹೇಳಿದ ಜಗಳ ಆಸ್ತಿಕರ ಮನೆಯೊಳಗೂ ನಡೆದಿತ್ತು!

ಶನಿವಾರ ಊರಿಗೆ ಹೋದೆ. ಅಜ್ಜಿ ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದರು. ಪಕ್ಕದಲ್ಲಿ ಕೂತು ಕೇಳಿದೆ. "ಅಜ್ಜಿ, ನಂಜುಂಡೇಶ್ವರನೇ ಅಪ್ಪನ್ನ ಉಳಿಸಿದ್ದು ಅಂತ ನಿನಗೆ ಹೇಗೆ ಗೊತ್ತು?"

ಅಜ್ಜಿ ಕಾಳಿನಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು ಅಂತ ಯಾರ್ ಹೇಳುದ್ರು ಕೂಸು? ಗೊತ್ತಿದ್ರ ಯಾಕ್ ಬೇಡ್ಕಬೇಕು?"

ಸೋಮವಾರ ಇದನ್ನು ಮೇಷ್ಟ್ರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. ನೋಟ್‌ಬುಕ್ ತೆಗೆದರು. "ಅವರು ಹೇಳಿದ ಹಾಗೇ ಹೇಳು, ನಿನ್ನ ಮಾತು ಸೇರಿಸಬೇಡ" ಎಂದರು. ನಾನು ಹೇಳಿದೆ, ಅವರು ಬರೆದುಕೊಂಡರು. 'ಗೊತ್ತಿದ್ರ' ಎನ್ನುವುದನ್ನು 'ಗೊತ್ತಿದ್ದರೆ' ಎಂದು ತಿದ್ದಲಿಲ್ಲ. ಪ್ರಬಂಧವನ್ನು ಮತ್ತೆ ಬರೆದು ಕೊಟ್ಟೆ. ಔಷಧಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿರಲಿಲ್ಲ, ಈಗಲೂ ಬದಲಾಗಿಲ್ಲ. ಅಜ್ಜಿಯ ಬಗ್ಗೆ ಬರೆದದ್ದು ಮಾತ್ರ ಪೂರ್ತಿ ಹೋಯಿತು.

ಮೇಷ್ಟ್ರು ಆಸ್ತಿಕರೋ ನಾಸ್ತಿಕರೋ ನಮಗೆ ಕೊನೆಗೂ ತಿಳಿಯಲಿಲ್ಲ. ಒಂದು ಸಲ ಧೈರ್ಯ ಮಾಡಿ ಕೇಳಿದ್ದೆ. "ಅದನ್ನು ಹೇಳಿದರೆ ನೀನು ನನ್ನ ವಾದ ಕೇಳುವುದು ಬಿಟ್ಟು ನನ್ನನ್ನು ಕೇಳುತ್ತೀಯ" ಎಂದಿದ್ದರು.

ಮುಂದೆ ನಾನೂ ಮೇಷ್ಟ್ರಾದೆ. ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಹುಡುಗರು ಸಾಲದು ಎಂದು ತತ್ವಶಾಸ್ತ್ರವನ್ನೇ ಮುಚ್ಚಿದರು. ನನಗೆ ಬೇರೆ ಪಾಠ ಕೊಟ್ಟರು. ಆ ನೋವು ಇನ್ನೂ ಇದೆ. ಅವತ್ತು ಸಂಜೆ ನೇರ ಮೇಷ್ಟ್ರ ಮನೆಗೆ ಹೋಗಿದ್ದೆ. ಅವರಿಗೆ ಕಣ್ಣು ಮಂಜಾಗುತ್ತಿದ್ದ ಕಾಲ. ಸಮಾಧಾನದ ಮಾತು ಆಡಲಿಲ್ಲ. ಹಿರಿಯಣ್ಣನವರ ಪುಸ್ತಕ ಕೈಗೆ ಕೊಟ್ಟು, "ನ್ಯಾಯದ ಅಧ್ಯಾಯ ಓದು, ಕೇಳ್ತೀನಿ" ಎಂದರು. ರಾತ್ರಿ ಒಂಬತ್ತರವರೆಗೆ ಓದಿದೆ. ಆಮೇಲೆ ಸುಮಾರು ಎರಡು ವರ್ಷ, ಭಾನುವಾರಗಳಲ್ಲಿ ಹೋಗಿ ಓದುತ್ತಿದ್ದೆ. ಅರ್ಥವಾಗದೆ ಓಡಿಸಿಕೊಂಡು ಹೋದರೆ ದನಿಯಲ್ಲೇ ಅವರಿಗೆ ಗೊತ್ತಾಗುತ್ತಿತ್ತು. "ಆ ಸಾಲು ಇನ್ನೊಂದ್ಸಲ" ಎನ್ನುತ್ತಿದ್ದರು.

ಅವರು ಹೋದ ಮೇಲೆ ಮನೆಯವರು ಪುಸ್ತಕಗಳನ್ನು ವಿದ್ಯಾರ್ಥಿಗಳಿಗೆ ಸಿಗಲಿ ಎಂದು ಲೈಬ್ರರಿಗೆ ಕೊಟ್ಟರು. ಕಾಲೇಜಿನ ಈ ಸಂಚಿಕೆಗೆ ಬರೆಯಿರಿ ಎಂದು ಪತ್ರ ಬಂದಾಗ ಹೋಗಿ ನೋಡಿದೆ. ರಾಧಾಕೃಷ್ಣನ್ ಅವರ ಪುಸ್ತಕದಲ್ಲಿ ಅಂತಃಪ್ರಜ್ಞೆಯ ಅಧ್ಯಾಯದ ಅಂಚಿನಲ್ಲಿ 'ಹೇಗೆ ಗೊತ್ತು?' ಎಂದು ನಾಲ್ಕು ಕಡೆ ಇದೆ. ಹಿರಿಯಣ್ಣನವರ ಪುಸ್ತಕದಲ್ಲೂ ಇದೆ. ಪೆನ್ಸಿಲ್ ಬರಹ ಅಲ್ಲಲ್ಲಿ ಮಾಸಿದೆ. ಒಂದು ಪುಟದಲ್ಲಿ ಯಾರೋ ಒಳ್ಳೆಯ ಮನಸ್ಸಿನಿಂದಲೇ ರಬ್ಬರ್ ಹಾಕಿ ಉಜ್ಜಿದ್ದಾರೆ, ಪುಸ್ತಕ ಚೊಕ್ಕಟವಾಗಿರಲಿ ಎಂದು. ಈಗ ಓದುತ್ತಿರುವ ಮಕ್ಕಳಲ್ಲಿ ಒಂದು ಕೇಳಿಕೊಳ್ಳುತ್ತೇನೆ. ಆ ಅಕ್ಷರಗಳನ್ನು ಅಳಿಸಬೇಡಿ. ಅಂಚಿನಲ್ಲಿ ಇನ್ನೂ ಜಾಗ ಇದೆ. ನಿಮಗೆ ಉತ್ತರ ಹೊಳೆದರೆ ಪಕ್ಕದಲ್ಲಿ ಬರೆಯಿರಿ, ಪೆನ್ಸಿಲಿನಲ್ಲೇ.