ರೋಸಿಗೂ ಆಗಬೇಕು, ರಾಕಿಗೂ ಆಗಬೇಕು: ಒಂದೇ ಗಿಟಾರಿನ ಹುಡುಕಾಟ

ಮಂಗಳೂರಿನ ಮದುವೆ ರಿಸೆಪ್ಶನ್‌ನಲ್ಲಿ ಗಿಟಾರ್ ನುಡಿಸುವವನ ಪಾಲಿಗೆ ಒಂದು ಸಂಜೆಗೆ ಎಂತೆಲ್ಲ ಬರುತ್ತದೆ ನೋಡಿ. ಮದುಮಕ್ಕಳು ಮದುವೆ ಹಾಲ್‌ನೊಳಗೆ ಬರುವಾಗ ಮೆಲ್ಲಗಿನ ವಾಲ್ಟ್ಸ್. ಕೇಕ್ ಕತ್ತರಿಸಿ ಟೋಸ್ಟ್ ಆದ ಮೇಲೆ ಕುಣಿಸುವ ಕೊಂಕಣಿ ಬೈಲಾ ಹಾಡು. ಊಟ ಶುರುವಾದರೆ ಹಳೆಯ ಹಿಂದಿ ಹಾಡು, ರಾಜ್‌ಕುಮಾರ್ ಕಾಲದ ಕನ್ನಡ ಹಾಡು. ಐಸ್‌ಕ್ರೀಮ್ ಮುಗಿಸಿದ ಹುಡುಗರು ತುಳು ಸಿನಿಮಾದ ಕುಣಿತದ ಹಾಡು ಕೇಳಿಕೊಂಡು ಸ್ಟೇಜಿನ ಬುಡಕ್ಕೆ ಬರುತ್ತಾರೆ. ಹತ್ತು ಗಂಟೆ ಹತ್ತಿರವಾಗುವಾಗ ಯಾರಾದರೂ ಒಬ್ಬರಿಗೆ ರಾಕ್ ಬೇಕೇ ಬೇಕು. ಹಾಡು ಹಾಡಿನ ನಡುವೆ ಗಿಟಾರ್ ಬದಲಾಯಿಸಲು ಪುರುಸೊತ್ತಿಲ್ಲ, ಸ್ಟೇಜಿನಲ್ಲಿ ಎರಡನೇ ಸ್ಟ್ಯಾಂಡಿಗೆ ಜಾಗವೂ ಇಲ್ಲ. ಎಲ್ಲಕ್ಕೂ ಹೊಂದುವ ಗಿಟಾರ್ ಅಂದರೆ ನನಗೆ ಇದೇ ಲೆಕ್ಕ: ಇಷ್ಟನ್ನೂ ಹೆಗಲಿನಿಂದ ಇಳಿಸದೆ ನುಡಿಸಲು ಆಗಬೇಕು.

ವಾರವಿಡೀ ಬಿಜೈಯಲ್ಲಿ ಲೆಕ್ಕಪತ್ರದ ಕೆಲಸ ಮಾಡಿ, ಶನಿವಾರ ಬ್ಯಾಂಡಿಗೆ, ಭಾನುವಾರ ಬೆಳಿಗ್ಗೆ ಇಗರ್ಜಿಯ ಕೊಯರ್‌ಗೆ ಹೋಗುವವನು ನಾನು. ಈ ವರ್ಷ ಅಕ್ಕನ ಮಗ ಮಣಿಪಾಲಕ್ಕೆ ಇಂಜಿನಿಯರಿಂಗ್ ಓದಲು ಹೋದ. ಅಲ್ಲಿ ಗೆಳೆಯರ ಜೊತೆ ರಾಕ್ ನುಡಿಸಬೇಕು, ಊರಿಗೆ ಬಂದಾಗ ನೆಂಟರ ಮನೆಯ ರೋಸಿಗೂ, ಅಂದರೆ ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರಕ್ಕೂ, ನುಡಿಸಬೇಕು. ಅಕ್ಕ ನಲವತ್ತು ಸಾವಿರದೊಳಗೆ ಒಂದೇ ಗಿಟಾರ್ ಅಂದಳು, ಓದು ಮುಗಿಯುವ ತನಕ ಎರಡನೆಯದರ ಮಾತಿಲ್ಲ. ಅವನು ಬಂದು ಕೇಳಿದ್ದು, "ಮಾಮ, ಯಾವ ಬ್ರಾಂಡ್ ಒಳ್ಳೆಯದು?" ಬ್ರಾಂಡ್ ಆಮೇಲೆ, ಮೊದಲು ಪಿಕಪ್ ತೀರ್ಮಾನಿಸುವಾ ಅಂದೆ.

ಎಲೆಕ್ಟ್ರಿಕ್ ಗಿಟಾರಿನ ಸ್ವರ ಮುಖ್ಯವಾಗಿ ಹುಟ್ಟುವುದು ಪಿಕಪ್‌ನಲ್ಲಿ. ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಒಂದೇ ಸುರುಳಿ ಇದ್ದರೆ ಸಿಂಗಲ್ ಕಾಯಿಲ್. ಫೆಂಡರ್ ಕಂಪನಿ 1954ರಲ್ಲಿ ತಂದ ಸ್ಟ್ರಾಟೋಕಾಸ್ಟರ್‌ನಲ್ಲಿ ಇಂಥವು ಮೂರು ಇವೆ. ಸ್ವರ ಸ್ವಚ್ಛ, ಚುರುಕು, ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳುತ್ತದೆ. ಬೈಲಾದ ಕತ್ತರಿಸಿದಂಥ ಸ್ಟ್ರಮ್ಮಿಂಗ್‌ಗೆ ಇದನ್ನು ಮೀರಿಸಿದ್ದಿಲ್ಲ. ತೊಂದರೆ ಏನೆಂದರೆ, ಅದು ಸುತ್ತಲಿನ ಕರೆಂಟಿನ ಗುಂಯ್ ಶಬ್ದವನ್ನೂ ಎಳೆದುಕೊಳ್ಳುತ್ತದೆ. ಗಿಬ್ಸನ್‌ನಲ್ಲಿದ್ದ ಇಂಜಿನಿಯರ್ ಸೆತ್ ಲವರ್ 1955ರಲ್ಲಿ ಇದಕ್ಕೆ ಪರಿಹಾರ ಕಂಡುಕೊಂಡರು. ಎರಡು ಸುರುಳಿಗಳನ್ನು ಉಲ್ಟಾ ದಿಕ್ಕಿನಲ್ಲಿ ಜೋಡಿಸಿ, ಅಯಸ್ಕಾಂತದ ಧ್ರುವಗಳನ್ನೂ ಅದಲುಬದಲು ಇಟ್ಟರೆ ಹೊರಗಿನ ಗುಂಯ್ ಒಂದನ್ನೊಂದು ಹೊಡೆದುಹಾಕುತ್ತದೆ, ತಂತಿಯ ಸ್ವರ ಮಾತ್ರ ಕೂಡಿ ದಪ್ಪವಾಗುತ್ತದೆ. ಅದೇ ಹಂಬಕರ್. ಡಿಸ್ಟಾರ್ಶನ್ ಹಾಕಿ, ಅಂದರೆ ಸ್ವರವನ್ನು ಬೇಕೆಂದೇ ಒರಟು ಮಾಡಿ, ರಾಕ್ ನುಡಿಸುವವರಿಗೆ ಇದು ಬೇಕು.

ಈ ಗುಂಯ್ ಪುಸ್ತಕದ ಮಾತು ಅಂತ ತಿಳಿಯಬೇಡಿ. ನಮ್ಮ ಕಡೆಯ ಹಳೆಯ ಮದುವೆ ಹಾಲ್‌ಗಳಲ್ಲಿ ಇನ್ನೂ ಚೋಕ್ ಇರುವ ಟ್ಯೂಬ್‌ಲೈಟ್ ಉಂಟು, ಸ್ಟೇಜಿನ ಸುತ್ತ ಸೀರಿಯಲ್ ಲೈಟ್, ಪಕ್ಕದಲ್ಲೇ ಡಿಮ್ಮರ್, ಹಿಂದೆ ಜನರೇಟರ್. ಅರ್ಥಿಂಗ್ ಸರಿ ಇರುತ್ತದೆ ಅಂತ ಭರವಸೆ ಇಲ್ಲ. ಅಂಥ ಕಡೆ ಸಿಂಗಲ್ ಕಾಯಿಲ್ ಗಿಟಾರಿಗೆ ಸ್ವಲ್ಪ ಡಿಸ್ಟಾರ್ಶನ್ ಕೊಟ್ಟರೆ ಹಾಡಿನ ನಡುವಿನ ಮೌನದಲ್ಲಿ ಆಂಪ್‌ನಿಂದ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಸದ್ದು ಬರುತ್ತದೆ. ನಿಂತಲ್ಲೇ ನಿಧಾನ ತಿರುಗಿದರೆ ಒಂದು ಕೋನದಲ್ಲಿ ಅದು ತಗ್ಗುತ್ತದೆ. ಬ್ಯಾಂಡಿನವರು ಕೆಲವೊಮ್ಮೆ ಗೋಡೆ ಕಡೆ ಮುಖ ಮಾಡಿ ನಿಲ್ಲುವುದು ಇದಕ್ಕೇ.

ಹಾಗಾಗಿ ನನ್ನ ಮಟ್ಟಿಗೆ ಉತ್ತರ ಎಚ್‌ಎಸ್‌ಎಸ್. ತಂತಿಗಳು ಬಾಡಿಯ ಮೇಲೆ ಕೂರುವ ಬ್ರಿಜ್ ಹತ್ತಿರ ಒಂದು ಹಂಬಕರ್, ನಡುವೆ ಮತ್ತು ಎಡಗೈ ಓಡಾಡುವ ಉದ್ದನೆಯ ನೆಕ್ ಹತ್ತಿರ ಸಿಂಗಲ್ ಕಾಯಿಲ್. ಜೊತೆಗೆ ಕಾಯಿಲ್ ಸ್ಪ್ಲಿಟ್ ಇದ್ದರೆ, ಅಂದರೆ ಒಂದು ಗುಬುಟು ಎಳೆದರೆ ಹಂಬಕರ್‌ನ ಒಂದು ಸುರುಳಿ ಬಂದ್ ಆಗುವ ವ್ಯವಸ್ಥೆ ಇದ್ದರೆ, ಇನ್ನೂ ಒಳ್ಳೆಯದು. ಯಾವ ಪಿಕಪ್ ನುಡಿಯಬೇಕು ಅಂತ ಆರಿಸುವ ಐದು ಸ್ಥಾನದ ಸ್ವಿಚ್‌ನ ಕತೆಯೂ ಸ್ವಾರಸ್ಯದ್ದು. ಮೊದಲ ಸ್ಟ್ರಾಟ್‌ಗಳಲ್ಲಿ ಇದ್ದದ್ದು ಮೂರೇ ಸ್ಥಾನ. ನುಡಿಸುವವರು ಸ್ವಿಚ್ಚನ್ನು ಎರಡರ ನಡುವೆ ಸಿಕ್ಕಿಸಿ ನಿಲ್ಲಿಸಿ, ಎರಡು ಪಿಕಪ್ ಒಟ್ಟಿಗೆ ನುಡಿಯುವ ಆ ಟೊಳ್ಳು ಸ್ವರವನ್ನು ತಾವೇ ಕಂಡುಕೊಂಡರು. ಫೆಂಡರ್ ಐದು ಸ್ಥಾನದ ಸ್ವಿಚ್ ಕೊಟ್ಟದ್ದು 1977ರಲ್ಲಿ. ಇವತ್ತು ನನ್ನ ಬೈಲಾ ಪೂರ್ತಿ ಆ ನಾಲ್ಕನೇ ಸ್ಥಾನದಲ್ಲಿ, ನೆಕ್ ಮತ್ತು ನಡುವಿನ ಪಿಕಪ್ ಒಟ್ಟಿಗೆ. ವಾಲ್ಟ್ಸ್‌ಗೆ ನೆಕ್ ಒಂದೇ, ಟೋನ್ ಅರ್ಧಕ್ಕೆ ಇಳಿಸಿ. ರಾಕ್ ಬಂದಾಗ ಸೀದಾ ಬ್ರಿಜ್ ಹಂಬಕರ್.

ಬ್ರಿಜ್ ವಿಷಯದಲ್ಲಿ ಹುಡುಗನ ಜೊತೆ ಚರ್ಚೆಯೇ ಆಯಿತು. ಅವನಿಗೆ ಫ್ಲಾಯ್ಡ್ ರೋಸ್ ಬೇಕಿತ್ತು, ತಂತಿಯನ್ನು ಎರಡೂ ಕಡೆ ಬೀಗ ಹಾಕಿ ಹಿಡಿಯುವ ಟ್ರೆಮೊಲೊ, ಅಂದರೆ ಸರಳು ಒತ್ತಿ ಸ್ವರವನ್ನು ಏರಿಳಿಸುವ ಬ್ರಿಜ್. ಒಳ್ಳೆಯ ಯಂತ್ರವೇ. ಆದರೆ ಅದು ತಂತಿಗಳ ಎಳೆತ ಮತ್ತು ಹಿಂದಿನ ಸ್ಪ್ರಿಂಗ್‌ಗಳ ಎಳೆತದ ನಡುವೆ ತೇಲುವಂಥದ್ದು. ಒಂದು ತಂತಿ ತುಂಡಾದರೆ ಉಳಿದ ಐದೂ ಶ್ರುತಿ ತಪ್ಪುತ್ತವೆ, ಹೊಸದು ಹಾಕಲು ಅಲೆನ್ ಕೀ ಹುಡುಕಬೇಕು. ರಿಸೆಪ್ಶನ್‌ನಲ್ಲಿ ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ. ಮಾಮೂಲಿ ಆರು ಸ್ಕ್ರೂವಿನ ಟ್ರೆಮೊಲೊ ತೆಗೆದುಕೊಂಡು, ಸ್ಪ್ರಿಂಗ್ ಬಿಗಿ ಮಾಡಿ ಬಾಡಿಗೆ ಒತ್ತಿ ಕೂರಿಸಿದರೆ ಒಂದು ತಂತಿ ಹೋದರೂ ಹಾಡು ಮುಗಿಸಬಹುದು.

ಇನ್ನು ಬ್ರಾಂಡ್. ಅಂಗಡಿಯಲ್ಲಿ ಹೆಸರು ನೋಡಿ ಆಸೆಪಡುವ ಮೊದಲು ಒಂದು ತಿಳಿದುಕೊಳ್ಳಬೇಕು, ಈ ಬೆಲೆಯಲ್ಲಿ ಸಿಗುವುದರಲ್ಲಿ ಹೆಚ್ಚಿನವು ಇಂಡೋನೇಷ್ಯಾ ಅಥವಾ ಚೀನಾದಲ್ಲಿ ತಯಾರಾದವು. ದಕ್ಷಿಣ ಕೊರಿಯಾದ ಕೋರ್ಟ್ ಕಂಪನಿ ತನ್ನ ಹೆಸರಿನ ಗಿಟಾರಿನ ಜೊತೆಗೆ ಇಂಡೋನೇಷ್ಯಾದ ಕಾರ್ಖಾನೆಯಲ್ಲಿ ಬೇರೆ ದೊಡ್ಡ ಬ್ರಾಂಡ್‌ಗಳಿಗೂ ಮಾಡಿಕೊಡುತ್ತದೆ. ಅಮೆರಿಕದ ಪಿಆರ್‌ಎಸ್ ಕಂಪನಿಯ ಎಸ್‌ಇ ಸರಣಿಯ ಎಲೆಕ್ಟ್ರಿಕ್ ಗಿಟಾರ್ ಅಲ್ಲಿಂದಲೇ ಬರುವುದು. ಹಾಗಾಗಿ ಗಿಟಾರಿನ ತಲೆಯ, ಅಂದರೆ ಹೆಡ್‌ಸ್ಟಾಕ್‌ನ ಮೇಲೆ ಕೋರ್ಟ್ ಅಂತ ಇದ್ದರೆ ಮೂಗು ಮುರಿಯುವುದು ಅನ್ಯಾಯ. ಕೊಟ್ಟ ದುಡ್ಡಿಗೆ ಹಾರ್ಡ್‌ವೇರ್ ಎಷ್ಟು ಸಿಗುತ್ತದೆ ಅಂತ ನೋಡುವವರು ಅದನ್ನು ಮೊದಲು ಕೈಗೆತ್ತಿಕೊಳ್ಳಬೇಕು ಅಂತ ನನ್ನ ಅಭಿಪ್ರಾಯ.

ಸ್ಕ್ವಯರ್ ಫೆಂಡರ್‌ನದ್ದೇ ಅಗ್ಗದ ಹೆಸರು, 1982ರಿಂದ ಉಂಟು. ಅದರ ಕ್ಲಾಸಿಕ್ ವೈಬ್ ಸರಣಿಯ ನೆಕ್ ನನಗೆ ಬಹಳ ಇಷ್ಟ. ಹಳೆಯ ಹಾಡುಗಳನ್ನೇ ಹೆಚ್ಚು ನುಡಿಸುವವರಿಗೆ ಕಣ್ಣು ಮುಚ್ಚಿ ಅದನ್ನೇ ಹೇಳುತ್ತೇನೆ. ಎಪಿಫೋನ್ 1957ರಿಂದ ಗಿಬ್ಸನ್‌ನ ಕೈಯಲ್ಲಿದೆ, ಲೆಸ್ ಪಾಲ್ ಆಕಾರ ಬೇಕಾದವರ ದಾರಿ ಅದು. ಆ ದಪ್ಪ, ದೀರ್ಘ ಸ್ವರಕ್ಕೆ ಸಾಟಿಯಿಲ್ಲ, ನಿಜ. ಆದರೆ ಎರಡು ಕಾರಣಕ್ಕೆ ನಾನು ಹುಡುಗನಿಗೆ ಬೇಡ ಅಂದೆ. ಒಂದು ಭಾರ, ನಾಲ್ಕು ಕಿಲೋ ಹತ್ತಿರದ ಮರವನ್ನು ಮೂರು ಗಂಟೆ ಹೆಗಲಿಗೆ ಹಾಕಿ ನಿಲ್ಲಬೇಕು. ಇನ್ನೊಂದು, ಆ ವಿನ್ಯಾಸದಲ್ಲಿ ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿರುತ್ತದೆ, ನೆಕ್‌ನ ಬಾಗು ಹೊಂದಿಸಲು ಒಳಗೆ ಹಾಕುವ ಲೋಹದ ಸರಳಿಗೆ, ಅಂದರೆ ಟ್ರಸ್ ರಾಡ್‌ಗೆ, ಕೊರೆದ ಕಾರಣ ಕುತ್ತಿಗೆಯ ಜಾಗದಲ್ಲಿ ಮರ ಕಡಿಮೆ. ಸ್ಟ್ಯಾಂಡಿನಿಂದ ಹಿಮ್ಮುಖ ಬಿದ್ದರೆ ಮುರಿಯುವುದು ಅಲ್ಲೇ. ಮಕ್ಕಳು ಓಡಾಡುವ ಸ್ಟೇಜಿಗೆ ಅದು ನನಗೆ ಹೆದರಿಕೆ.

ಐಬನೀಜ್ ಜಪಾನಿನ ನಗೋಯದ ಹೊಶಿನೊ ಗಾಕಿ ಕಂಪನಿಯದ್ದು. ತೆಳು ನೆಕ್, ಚಪ್ಪಟೆ ಫಿಂಗರ್‌ಬೋರ್ಡ್. ಬೆರಳು ಓಡಿಸುವವರಿಗೆ ಸ್ವರ್ಗ. ಎರಡು ಹಂಬಕರ್ ಇರುವ ಅದರ ಹಲವು ಮಾದರಿಗಳಲ್ಲೂ ಐದು ಸ್ಥಾನದ ಸ್ವಿಚ್‌ನ ಮಧ್ಯದ ಸ್ಥಾನಗಳಲ್ಲಿ ಸಿಂಗಲ್ ಕಾಯಿಲ್ ಹತ್ತಿರದ ಸ್ವರ ಸಿಗುವ ಹಾಗೆ ವೈರಿಂಗ್ ಇರುತ್ತದೆ. ಹುಡುಗನ ಕಣ್ಣು ಹೆಚ್ಚು ಹೊತ್ತು ಇದ್ದದ್ದು ಇದರ ಮೇಲೆ. ಪಿಆರ್‌ಎಸ್ ಎಸ್‌ಇ ಕಸ್ಟಮ್ 24 ಎಲ್ಲಕ್ಕೂ ಹೊಂದುವುದರಲ್ಲಿ ಒಂದು ಹೆಜ್ಜೆ ಮುಂದೆ, ಬೆಲೆಯಲ್ಲಿ ಹಲವು ಹೆಜ್ಜೆ ಮುಂದೆ, ಅಕ್ಕನ ಲೆಕ್ಕಕ್ಕೆ ಹೊರಗೆ.

ಕೊನೆಗೆ ನಿಂತದ್ದು ಯಮಹಾ ಪೆಸಿಫಿಕಾ 112ವಿ ಮೇಲೆ. ಯಮಹಾ ಶುರುವಾದದ್ದೇ 1887ರಲ್ಲಿ ರೀಡ್ ಆರ್ಗನ್ ಮಾಡಿಕೊಂಡು. ಪೆಸಿಫಿಕಾ ಬಂದದ್ದು 1990ರಲ್ಲಿ. ಆಲ್ಡರ್ ಮರದ ಬಾಡಿ, ಮೇಪಲ್ ನೆಕ್, ಎಚ್‌ಎಸ್‌ಎಸ್, ಟೋನ್ ಗುಬುಟನ್ನು ಎಳೆದರೆ ಕಾಯಿಲ್ ಸ್ಪ್ಲಿಟ್, ಟ್ರೆಮೊಲೊ ಹಳೆಯ ಮಾದರಿಯದ್ದು. ನಾನು ಬಯಸಿದ್ದೆಲ್ಲ ಒಂದರಲ್ಲೇ ಇತ್ತು. ಗಮನಿಸಿ, ಇದರ ಕೆಳಗಿನ 012 ಮಾದರಿ ನೋಡಲು ಹೆಚ್ಚುಕಡಿಮೆ ಹೀಗೇ ಇದ್ದರೂ ಅದರಲ್ಲಿ ಕಾಯಿಲ್ ಸ್ಪ್ಲಿಟ್ ಇಲ್ಲ. ಬೆಲೆಯ ವ್ಯತ್ಯಾಸ ನೋಡಿ ಅದನ್ನು ಎತ್ತಿಕೊಳ್ಳುವ ಮೊದಲು ಎರಡನ್ನೂ ಪಕ್ಕದಲ್ಲಿಟ್ಟು ಆಂಪ್‌ಗೆ ಹಾಕಿ ಕೇಳಿ.

ಬ್ರಾಂಡ್‌ಗಿಂತ ನಾನು ಹೆಚ್ಚು ನಂಬುವುದು ಕೈಯಲ್ಲಿ ಹಿಡಿದ ಆ ಒಂದು ಗಿಟಾರನ್ನು. ಒಂದೇ ಕಂಪನಿಯ, ಒಂದೇ ಮಾದರಿಯ, ಬಣ್ಣ ಮಾತ್ರ ಬೇರೆ ಇರುವ ಎರಡು ಗಿಟಾರ್ ಅಂಗಡಿಯ ಗೋಡೆಯಲ್ಲಿ ಅಕ್ಕಪಕ್ಕ ತೂಗುತ್ತಿದ್ದವು. ಒಂದರಲ್ಲಿ ಮೊದಲ ತಂತಿಯನ್ನು ಹದಿನಾಲ್ಕನೇ ಫ್ರೆಟ್ಟಿನಲ್ಲಿ (ಫ್ರೆಟ್ ಅಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿ ಮೇಲಕ್ಕೆ ಎಳೆದರೆ ಸ್ವರ ಕತ್ತು ಹಿಸುಕಿದ ಹಾಗೆ ಸತ್ತುಹೋಗುತ್ತಿತ್ತು, ಮುಂದಿನ ಯಾವುದೋ ಫ್ರೆಟ್ ಕೂದಲೆಳೆ ಎತ್ತರ ಇತ್ತು. ಇನ್ನೊಂದು ಒಳ್ಳೇ ಹಾಡುತ್ತಿತ್ತು. ಆನ್‌ಲೈನ್‌ನಲ್ಲಿ ತರಿಸಿದರೆ ಇವೆರಡರಲ್ಲಿ ಯಾವುದು ನಮ್ಮ ಮನೆಗೆ ಬರುತ್ತದೆ ಅಂತ ಯಾರು ಹೇಳುವುದು? ಇನ್ನೂರು ಮುನ್ನೂರು ರೂಪಾಯಿ ಹೆಚ್ಚಾದರೂ ಅಂಗಡಿಗೆ ಹೋಗಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಅಂಗಡಿಯಲ್ಲಿ ಮೊದಲು ಆಂಪ್ ಬೇಡ. ಸುಮ್ಮನೆ ಕೂತು ನುಡಿಸಿ, ಮರ ಎದೆಗೆ ತಾಗಿ ಎಷ್ಟು ಅದುರುತ್ತದೆ ನೋಡಿ. ಬೆರಳನ್ನು ನೆಕ್‌ನ ಅಂಚಿನಲ್ಲಿ ಮೇಲಿಂದ ಕೆಳಗೆ ಜಾರಿಸಿ. ಫ್ರೆಟ್ ತುದಿ ಚುಚ್ಚಬಾರದು. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಒಂದು ಕೈಯಲ್ಲಿ, ನೆಕ್ ಬಾಡಿಗೆ ಸೇರುವಲ್ಲಿ ಇನ್ನೊಂದು ಕೈಯಲ್ಲಿ ಒತ್ತಿ, ಏಳನೇ ಫ್ರೆಟ್ಟಿನ ಮೇಲೆ ಎಷ್ಟು ಸಂದು ಉಂಟು ಅಂತ ನೋಡಿ. ಕಾಲು ಮಿಲಿಮೀಟರ್ ಆಸುಪಾಸು, ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಇದ್ದರೆ ಸರಿ. ಜಾಸ್ತಿ ಇದ್ದರೆ ಗಾಬರಿ ಬೇಡ, ಟ್ರಸ್ ರಾಡ್ ತಿರುಗಿಸಿ ಕಡಿಮೆ ಮಾಡಬಹುದು. ನೆಕ್ ಹಗ್ಗದ ಹಾಗೆ ತಿರುಚಿದ್ದರೆ ಮಾತ್ರ ಆ ಗಿಟಾರ್ ಗೋಡೆಗೇ ವಾಪಸ್. ಮೂರನೇ ತಂತಿಯನ್ನು ಎಳೆದು ಬಿಡಿ. ನಟ್‌ನಿಂದ, ಅಂದರೆ ಹೆಡ್‌ಸ್ಟಾಕ್ ಹತ್ತಿರ ತಂತಿಗಳು ಹಾಯುವ ಗೀರುಗಳ ಪಟ್ಟಿಯಿಂದ, ಟಿಕ್ ಅಂತ ಸದ್ದು ಬಂದು ಶ್ರುತಿ ಜಾರಿದರೆ ನಟ್‌ನ ಗೀರು ಬಿಗಿ ಇದೆ ಅಂತ ಅರ್ಥ. ಪೆನ್ಸಿಲ್ಲಿನ ಸೀಸ ಉಜ್ಜಿದರೆ ಎಷ್ಟೋ ಸಲ ಅದು ಹೋಗುತ್ತದೆ. ಹನ್ನೆರಡನೇ ಫ್ರೆಟ್ಟಿನಲ್ಲಿ ಹಾರ್ಮೋನಿಕ್ ನುಡಿಸಿ (ತಂತಿಯನ್ನು ಒತ್ತದೆ ಸುಮ್ಮನೆ ಮುಟ್ಟಿ), ಅದೇ ಜಾಗದಲ್ಲಿ ಒತ್ತಿಯೂ ನುಡಿಸಿ, ಎರಡೂ ಟ್ಯೂನರ್‌ನಲ್ಲಿ ಒಂದೇ ಬರಬೇಕು. ಇಷ್ಟಾದ ಮೇಲೆ ಆಂಪ್, ಅದೂ ಮೊದಲು ಸ್ವಚ್ಛ ಸ್ವರದಲ್ಲಿ. ಡಿಸ್ಟಾರ್ಶನ್ ಎಲ್ಲ ದೋಷವನ್ನೂ ಮುಚ್ಚುತ್ತದೆ.

ಅಂಗಡಿಯ ಹುಡುಗ ತಾಳ್ಮೆಯವನು, ಅರ್ಧ ಗೋಡೆ ಖಾಲಿ ಮಾಡಿಸಿದರೂ ಬೇಸರಿಸಲಿಲ್ಲ. ಅಕ್ಕನ ಮಗ ಕಣ್ಣು ಮುಚ್ಚಿ ಕೂತ, ನಾನು ಒಂದೊಂದೇ ಕೈಗೆ ಕೊಟ್ಟೆ. ಐಬನೀಜ್‌ನ ನೆಕ್ ಅವನು ತಕ್ಷಣ ಗುರುತಿಸಿದ. ಆದರೆ ಬೈಲಾದ ತಾಳ ಹಿಡಿಯಲು ಹೇಳಿದಾಗ ಪೆಸಿಫಿಕಾದಲ್ಲಿ ಅವನ ಬಲಗೈ ತಾನಾಗಿ ಸಡಿಲವಾದದ್ದು ನನಗೆ ಕಾಣಿಸಿತು. ಬಿಲ್ ಮಾಡಿಸಿದೆವು.

ನಮ್ಮ ಕರಾವಳಿಗೆ ಮಾತ್ರ ಸಂಬಂಧಿಸಿದ್ದು ಇನ್ನೂ ಒಂದು ಉಂಟು. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿನ ಗಾಳಿಯಲ್ಲಿ ನೀರೇ ಇರುತ್ತದೆ. ಮರ ಆ ತೇವವನ್ನು ಹೀರಿ ಉಬ್ಬುತ್ತದೆ, ನೆಕ್‌ನ ಬಾಗು ಬದಲಾಗುತ್ತದೆ, ಮೇ ತಿಂಗಳಲ್ಲಿ ಸರಿಯಿದ್ದ ಆಕ್ಷನ್, ಅಂದರೆ ಫ್ರೆಟ್‌ಗಳಿಂದ ತಂತಿಯ ಎತ್ತರ, ಸೆಪ್ಟೆಂಬರಿನ ಮೊಂತಿ ಫೆಸ್ತ್ ಹಬ್ಬದ ಹೊತ್ತಿಗೆ ಬೇರೆಯೇ ಆಗಿರುತ್ತದೆ. ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಒಂದು ರಾತ್ರಿ ಬಿಟ್ಟು ನೋಡಿ. ಖರೀದಿಸುವಾಗ ರೋಸ್ಟೆಡ್ ಮೇಪಲ್ ನೆಕ್ ಇರುವ ಮಾದರಿ ಬಜೆಟ್ಟಿನಲ್ಲಿ ಸಿಕ್ಕಿದರೆ ಆ ಕಡೆ ಒಲವು ತೋರಿಸಿ. ಹುರಿದ ಮರ ತೇವ ಕಡಿಮೆ ಹೀರುತ್ತದೆ. ಮಲ್ಪೆ, ಉಳ್ಳಾಲದ ಹಾಗೆ ಕಡಲಿಗೆ ಹತ್ತಿರದ ಮನೆಯಾದರೆ ಉಪ್ಪುಗಾಳಿ ಮೊದಲು ತಿನ್ನುವುದು ಬ್ರಿಜ್ ಸ್ಯಾಡಲ್‌ಗಳ ಸಣ್ಣ ಅಲೆನ್ ಸ್ಕ್ರೂಗಳನ್ನು. ಒಮ್ಮೆ ತುಕ್ಕು ಹಿಡಿದು ಅಂಟಿದರೆ ಆಕ್ಷನ್ ಏರಿಸಲೂ ಆಗುವುದಿಲ್ಲ, ಇಳಿಸಲೂ ಆಗುವುದಿಲ್ಲ. ಹುಡುಗನ ಬ್ಯಾಗಿನ ಜೇಬಿಗೆ ನಾನು ಹಾಕಿ ಕಳಿಸಿದ್ದು ಇಷ್ಟು: ತಂತಿ ಒರೆಸಲು ಹಳೆಯ ಪಂಚೆಯ ತುಂಡು, ಸಿಲಿಕಾ ಜೆಲ್ ಪೊಟ್ಟಣ, ಕೋಟಿಂಗ್ ಇರುವ ಒಂದು ಸೆಟ್ ತಂತಿ, ಮತ್ತು ಹೊಲಿಗೆ ಮಿಷನ್ ಎಣ್ಣೆಯ ಸಣ್ಣ ಬಾಟಲಿ. ಎಣ್ಣೆಯನ್ನು ಕಡ್ಡಿಯ ತುದಿಯಲ್ಲಿ ಮುಟ್ಟಿಸಿ ಸ್ಕ್ರೂಗೆ ಮಾತ್ರ ಹಚ್ಚಬೇಕು, ಪಿಕಪ್ ಮೇಲೆ ಒಂದು ಹನಿಯೂ ಬೀಳಬಾರದು.