ಹೊಗೆಯಾಡಿದ ಕಪ್

ಎಪಾಕ್ಸಿ ರೆಸಿನ್‌ಗೆ ಕಲಸಿ ಗಟ್ಟಿ ಮಾಡೋ ಹಾರ್ಡನರ್, ಸ್ಟೋರ್‌ಗೆ ಸ್ಲೋ ಅಂತ ಚೀಟಿ ಕೊಟ್ಟರೆ ಬಂದದ್ದು ಫಾಸ್ಟ್. "ಬೇಗ ಒಣಗಿದ್ರೆ ನಿಮಗೇ ಅನುಕೂಲ ಅಲ್ವಾ?" ಅಂದರು ಮ್ಯಾನೇಜರ್. ಎಪಾಕ್ಸಿ, ಪೇಂಟಿನ ಹಾಗೆ ಒಣಗಲ್ಲ ಸಾರ್, ಒಳಗೊಳಗೇ ಕಾದು ಗಟ್ಟಿಯಾಗುತ್ತೆ ಅನ್ನೋಷ್ಟರಲ್ಲಿ ಅವರು ಫೋನಲ್ಲಿದ್ದರು.

ಬಾಲ್ಸಾ ಅನ್ನೋ ಹಗುರ ಮರದ ಹಲಗೆಯ ಹಲ್, ಅಂದರೆ ಮಾದರಿ ದೋಣಿಯ ಒಡಲು, ಒಂದು ಮೀಟರ್ ಉದ್ದ. ಅದನ್ನು ಬೋರಲು ಹಾಕಿ, ಚದರ ಮೀಟರಿಗೆ 50 ಗ್ರಾಂ ತೂಗೋ ಗ್ಲಾಸ್ ಫೈಬರ್ ಬಟ್ಟೆಯನ್ನು ರೆಸಿನ್ ಹಚ್ಚದೆ ಹಾಗೇ ಹೊದಿಸಿ, ಬೋ (ಮುಂದಿನ ಮೂತಿ) ಹತ್ತಿರ ಕತ್ತರಿ ಕೊಟ್ಟು ಕೂರಿಸಿದ್ವಿ. ಕೀಲ್, ಅಂದರೆ ತಳದ ನಡು ಬೆನ್ನಿನ ಉದ್ದಕ್ಕೂ ರೆಸಿನ್ ಸುರಿದು ಸ್ಕ್ವೀಜಿಯಲ್ಲಿ (ಚಪ್ಪಟೆ ಪಟ್ಟಿ) ಅಂಚಿನ ಕಡೆ ಎಳೀತಾ ಹೋದರೆ ಬಟ್ಟೆ ರೆಸಿನ್ ಹೀರಿ ಕಣ್ಣಿಂದ ಮಾಯವಾಗುತ್ತೆ. ಈ ಕೆಲಸದಲ್ಲಿ ನನಗೆ ಇಷ್ಟದ ಹೊತ್ತು ಅದೇ.

ಹುಡುಗ 200 ಗ್ರಾಂ ಒಟ್ಟಿಗೇ ಎತ್ತರದ ಕಪ್ಪಲ್ಲಿ ಕಲಸಿದ. ಬಾಲ್ಸಾ ಹೀರಿಕೊಂಡರೂ ಅಷ್ಟು ಬೇಡ. ನೋಡಿಯೂ ಸುಮ್ಮನಿದ್ದೆ. ಡಬ್ಬಿ ಮೇಲೆ ಪಾಟ್ ಲೈಫ್ (ಕಲಸಿದ ಮೇಲೆ ಬಳಸಲು ಸಿಗೋ ಹೊತ್ತು) 15 ನಿಮಿಷ ಅಂತ ಇತ್ತಲ್ಲ! ಆ ಲೆಕ್ಕ ಸಾಮಾನ್ಯವಾಗಿ 25 ಡಿಗ್ರಿಯಲ್ಲಿ 100 ಗ್ರಾಮಿಗೆ. ಕಪ್ಪಲ್ಲಿ ಹೆಚ್ಚು ರಾಶಿ ಇದ್ದಷ್ಟೂ ಬಿಸಿ ಹೊರಗೆ ಹೋಗಲ್ಲ, ಬಿಸಿಯಾದಷ್ಟೂ ಬೇಗ ಜೆಲ್ ಆಗುತ್ತೆ.

ಅರ್ಧ ಹಲ್ ಮುಗಿಯೋ ಹೊತ್ತಿಗೆ "ಅಣ್ಣಾ, ಕಪ್ಪು ಸುಡ್ತಿದೆ" ಅಂದ. ಆಗಲೇ ಅದನ್ನು ಹೊರಗಿಟ್ಟು ಹೊಸದಾಗಿ 40 ಗ್ರಾಂ ಕಲಸಬೇಕಿತ್ತು. ವೆಟ್ ಎಡ್ಜ್, ಅಂದರೆ ಬಳಿದ ಕಡೆಯ ಹಸಿ ಅಂಚು, ಹೋಗಿಬಿಡುತ್ತೆ ಅನ್ನೋ ಗಾಬರಿಯಲ್ಲಿ ಉಳಿದದ್ದನ್ನೇ ಬೋ ಕಡೆ ಬಳಿದೆ. ಬ್ರಷ್ ನೂಲೆಳೆಯಿತು. ಬಟ್ಟೆ ಬ್ರಷ್ಷಿಗಂಟಿಕೊಂಡು ಎದ್ದು ಬಂತು. ಒತ್ತಿದರೆ ಪಕ್ಕದಲ್ಲಿ ಸುಕ್ಕು, ಅದನ್ನು ಒತ್ತಿದರೆ ಕೆಳಗೆ ಗುಳ್ಳೆ. ಅತ್ತ ಕಪ್ಪಿಂದ ಹೊಗೆ. ಹುಡುಗ ಅದನ್ನು ಒರೆಸುವ ಬಟ್ಟೆಗಳ ಕಸದ ಡಬ್ಬಕ್ಕೆ ಹಾಕಲು ಹೊರಟಿದ್ದ, ಕಿರುಚಿ ನಿಲ್ಲಿಸಿದೆ. ಬಿಸಿ ರೆಸಿನ್ ಅಲ್ಲಿ ಬಿದ್ದರೆ ಬೆಂಕಿ.

ಸೀನಿಯರ್ ಬಂದು ನೋಡಿ, "ಕೈ ತೆಗಿ. ರಬ್ಬರ್ ಆದ್ಮೇಲೆ ಬ್ಲೇಡ್ ಹಾಕು" ಅಂದರು. ರಬ್ಬರಿನಂತಿರುವಾಗ ಸುಕ್ಕು ನೀಟಾಗಿ ಕತ್ತರಿಸಿ ಬರುತ್ತೆ. ಪೂರ್ತಿ ಗಟ್ಟಿಯಾದ ಮೇಲೆ ಉಜ್ಜಲು ಹೋದರೆ ಪಕ್ಕದ ಒಳ್ಳೇ ಬಟ್ಟೆಯೂ ಸವೆದು ಹೋಗುತ್ತೆ. ಕತ್ತರಿಸಿದ ಕಡೆ ಓರೆಯಾಗಿ ಕತ್ತರಿಸಿದ ತುಂಡಿನ ಪ್ಯಾಚ್ ಹಾಕಿದ್ವಿ. ಓರೆ ತುಂಡು ತಿರುವಿಗೆ ಬಗ್ಗುತ್ತೆ.

ಮರುದಿನ ಮ್ಯಾನೇಜರ್, "ಬೇಗ ಆಗಲಿ ಅಂದ್ರೆ ಹಾರ್ಡನರ್ ಇನ್ನೊಂಚೂರು ಜಾಸ್ತಿ ಹಾಕಿ" ಅಂದರು. ಅದು ಪಾಲಿಯೆಸ್ಟರ್ ರೆಸಿನ್‌ನ ಬುದ್ಧಿ, ಅಲ್ಲಿ ಜಾಸ್ತಿ ಹಾಕಿದರೆ ಬೇಗ ಆಗುತ್ತೆ. ಎಪಾಕ್ಸಿಗೆ ಅಳತೆ ತಪ್ಪಿದರೆ ಹಲ್ ಅಂಟಂಟಾಗೇ ಉಳಿಯುತ್ತೆ. ಈಗ ತಕ್ಕಡಿ ನನ್ನ ಟೇಬಲ್ ಮೇಲೇ ಇರುತ್ತೆ, ಕಲಸಿದ್ದು ಅಗಲ ಟ್ರೇಗೆ ಹೋಗುತ್ತೆ.